ತೇಪೆ ಹಾಕಿದ ಮಗ್ಗುಲಲ್ಲೇ ಮತ್ತೆ ತುಕ್ಕು ಏಕೆ?

ಕರಾವಳಿಯ ಮನೆಗಳ ಬೀಮಿನಲ್ಲಿ, ಕಿಟಕಿ ಮೇಲಿನ ಸಜ್ಜಾದ ಅಡಿಯಲ್ಲಿ ಕಾಂಕ್ರೀಟು ಚಕ್ಕೆ ಎದ್ದು ಉದುರುವುದು ಎಲ್ಲರಿಗೂ ಗೊತ್ತಿರುವ ನೋಟ. ಸಡಿಲವಾದದ್ದನ್ನು ಕೆತ್ತಿ, ಸರಳನ್ನು ಉಜ್ಜಿ, ಹೊಸ ಗಾರೆ ಮೆತ್ತಿ ಬಣ್ಣ ಬಳಿದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ಕೆಲವೇ ಮಳೆಗಾಲ ಕಳೆಯುವಷ್ಟರಲ್ಲಿ ತೇಪೆ ಗಟ್ಟಿಯಾಗಿಯೇ ಇರುತ್ತದೆ, ಅದರ ಅಂಚಿನಾಚೆ ಹೊಸ ಬಿರುಕು ಬಿಟ್ಟಿರುತ್ತದೆ. ಬೈಗುಳ ಮೇಸ್ತ್ರಿಗೆ, ಇಲ್ಲವೇ ಸಿಮೆಂಟಿಗೆ. ಎಷ್ಟೋ ಸಲ ತಪ್ಪು ಅವೆರಡರದ್ದೂ ಅಲ್ಲ.

ತುಕ್ಕು ಒಂದು ವಿದ್ಯುತ್ ಕೋಶ. ಒಂದೇ ಸರಳಿನ ಒಂದು ಜಾಗದಲ್ಲಿ ಕಬ್ಬಿಣ ಎಲೆಕ್ಟ್ರಾನು ಬಿಟ್ಟುಕೊಟ್ಟು ಕರಗುತ್ತದೆ, ಅದು ಆನೋಡು. ಆ ಎಲೆಕ್ಟ್ರಾನು ಸರಳಿನೊಳಗೇ ಹರಿದು ಇನ್ನೊಂದು ಜಾಗ ಸೇರಿ, ಅಲ್ಲಿ ಆಮ್ಲಜನಕ ಮತ್ತು ನೀರಿನ ಜೊತೆ ವರ್ತಿಸುತ್ತದೆ, ಅದು ಕ್ಯಾಥೋಡು. ಒದ್ದೆ ಕಾಂಕ್ರೀಟು ಎರಡರ ನಡುವೆ ಅಯಾನು ಸಾಗಿಸುವ ದ್ರಾವಣ. ಹೊಸ ಕಾಂಕ್ರೀಟಿನ ಪಿಹೆಚ್ 12.5ಕ್ಕಿಂತ ಹೆಚ್ಚಿರುವುದರಿಂದ ಸರಳಿನ ಮೇಲೆ ತೆಳುವಾದ ಆಕ್ಸೈಡ್ ಪೊರೆ ನಿಂತು ಕಾಯುತ್ತದೆ. ಉಪ್ಪಿನ ಕ್ಲೋರೈಡು ಸರಳಿನ ತನಕ ಇಳಿದರೆ ಆ ಪೊರೆ ಅಲ್ಲಲ್ಲಿ ತೂತಾಗುತ್ತದೆ.

ಇನ್ನು ತೇಪೆಯ ವಿಷಯ. ಕೊಳೆಯುತ್ತಿದ್ದ ಜಾಗ ಆನೋಡಾಗಿ, ತಾನು ಕರಗುತ್ತ ಪಕ್ಕದ ಸರಳನ್ನು ಕಾಯುತ್ತಿತ್ತು. ಪಕ್ಕದ ಕಾಂಕ್ರೀಟಿನಲ್ಲೂ ಉಪ್ಪು ಸೇರಿತ್ತು, ಆದರೂ ಅಲ್ಲಿ ತುಕ್ಕು ಏಳದಿದ್ದದ್ದು ಈ ಕಾವಲಿನಿಂದ. ನಾವು ಉಪ್ಪಿಲ್ಲದ ಹೊಸ ಗಾರೆ ತುಂಬಿದೊಡನೆ ಕಾವಲು ಹೋಯಿತು, ಹಳೆಯ ಆನೋಡು ಕ್ಯಾಥೋಡಾಯಿತು. ಈಗ ಕರಗುವ ಸರದಿ ಅಂಚಿನಾಚೆಯ ಸರಳಿನದು. ತೇಪೆಯ ಸುತ್ತ ಉಂಗುರದ ಹಾಗೆ ತುಕ್ಕು ಏಳುವುದರಿಂದ ಇದಕ್ಕೆ ರಿಂಗ್ ಆನೋಡ್ ಪರಿಣಾಮ ಎನ್ನುತ್ತಾರೆ. ಆದ್ದರಿಂದ ಕೆತ್ತುವ ಮೊದಲು, ಕಣ್ಣಿಗೆ ಬೀಳದ ಆನೋಡು ಎಲ್ಲೆಲ್ಲಿದೆ ಎಂದು ಅಳೆಯಲೇಬೇಕು.

ಅಳೆಯುವುದು ಸರಳಿನ ವಿಭವವನ್ನು, ಅಂದರೆ ಅದರ ವಿದ್ಯುತ್ ಮಟ್ಟವನ್ನು. ಹೋಲಿಕೆಗೆ ಬೇಕಾದದ್ದು ತಾಮ್ರ–ತಾಮ್ರದ ಸಲ್ಫೇಟಿನ ಆಧಾರ ವಿದ್ಯುದ್ವಾರ. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಮಾಡುವ ಮೈಲುತುತ್ತವೇ ಇದರ ಉಪ್ಪು, ಆದರೆ ಪ್ರಯೋಗಾಲಯ ದರ್ಜೆಯದೇ ಆಗಬೇಕು. 100 ಮಿ.ಲೀ. ಭಟ್ಟಿ ಇಳಿಸಿದ ನೀರಿಗೆ 60 ಗ್ರಾಂ ಹಾಕಿ ಕಲಕಿ. ತಳದಲ್ಲಿ ಕರಗದ ನೀಲಿ ಹರಳು ಯಾವಾಗಲೂ ಕಾಣುತ್ತಿರಬೇಕು, ಹರಳು ಖಾಲಿಯಾದರೆ ಅಳತೆ ನಂಬಬೇಡಿ. ಶುದ್ಧ ತಾಮ್ರದ ಕಡ್ಡಿಯನ್ನು ಮರಳು ಕಾಗದದಿಂದ ಹೊಳೆಯುವಂತೆ ಉಜ್ಜಿ ಅದರಲ್ಲಿ ಮುಳುಗಿಸಿ, ಕೊಳವೆಯ ತುದಿಗೆ ರಂಧ್ರಮಯ ಬೆಣೆ ಹಾಕಿ, ಹೊರಗೆ ಕಪ್ಪು ಟೇಪು ಸುತ್ತಿ. ಬಿಸಿಲು ದ್ರಾವಣದ ಮೇಲೆ ನೇರ ಬಿದ್ದರೆ ಅಳತೆ ಸರಿಯುತ್ತದೆ.

ಒಂದು ಕಡೆ ಸರಳನ್ನು ಬಿಡಿಸಿ, ಬಿಳಿ ಲೋಹ ಕಾಣುವ ತನಕ ಉಜ್ಜಿ, ವೋಲ್ಟ್‌ಮೀಟರಿನ ಧನ ತುದಿಗೆ ಕಟ್ಟಿ. ವಿದ್ಯುದ್ವಾರದ ತಂತಿ ಋಣ ತುದಿಗೆ. ಮೀಟರಿನ ಒಳರೋಧ 10 ಮೆಗಾಓಮಿಗಿಂತ ಕಡಿಮೆ ಇರಕೂಡದು. ದೂರದ ಇನ್ನೊಂದು ಸರಳನ್ನೂ ಬಿಡಿಸಿ ಎರಡರ ನಡುವಿನ ರೋಧ ಒಂದು ಓಮಿನ ಒಳಗಿದೆಯೇ ನೋಡಿ. ಕಟ್ಟುತಂತಿ ಸಡಿಲವಿದ್ದರೆ ಮುಂದಿನ ಅಂಕಿಗಳೆಲ್ಲ ಸುಳ್ಳು. ಬಣ್ಣ ಕೆರೆದು ತೆಗೆದು, ಕಾಂಕ್ರೀಟನ್ನು ನೀರಿನಲ್ಲಿ ನೆನೆಸಿ, ಒದ್ದೆ ಸ್ಪಂಜಿನ ಮೇಲೆ ವಿದ್ಯುದ್ವಾರ ಇಟ್ಟು, 25–30 ಸೆಂ.ಮೀ. ಚೌಕಗಳಲ್ಲಿ ಅಂಕಿ ಬರೆದುಕೊಳ್ಳಿ. ಒಂದೇ ಬಿಂದುವಿನಲ್ಲಿ 5 ನಿಮಿಷ ಕಾದರೂ 20 ಮಿಲಿವೋಲ್ಟಿಗಿಂತ ಹೆಚ್ಚು ಅಲುಗುತ್ತಿದ್ದರೆ ಇನ್ನೂ ನೆನೆಯಬೇಕೆಂದು ಅರ್ಥ.

ಮೈನಸ್ 200 ಮಿಲಿವೋಲ್ಟಿಗಿಂತ ಧನದ ಕಡೆಗಿದ್ದರೆ ತುಕ್ಕು ಇಲ್ಲದಿರುವ ಸಾಧ್ಯತೆ 90 ಶೇಕಡಕ್ಕಿಂತ ಹೆಚ್ಚು. ಮೈನಸ್ 350ಕ್ಕಿಂತ ಕೆಳಗಿದ್ದರೆ ತುಕ್ಕು ಇರುವ ಸಾಧ್ಯತೆಯೂ ಅಷ್ಟೇ ಹೆಚ್ಚು. ನಡುವಿನದು ಸಂದೇಹದ ಪಟ್ಟಿ. ನನ್ನ ಮಟ್ಟಿಗೆ ಒಂಟಿ ಅಂಕಿಗಿಂತ ಇಳಿಜಾರೇ ಮುಖ್ಯ: ಅರ್ಧ ಅಡಿ ದೂರದಲ್ಲಿ 100 ಮಿಲಿವೋಲ್ಟ್ ಕುಸಿದರೆ ಅಲ್ಲಿ ಆನೋಡಿದೆ. ಸದಾ ನೀರಿನಲ್ಲಿ ಮುಳುಗಿರುವ ಕಂಬ ಮೈನಸ್ 700 ತೋರಿದರೆ ಹೆದರಬೇಕಿಲ್ಲ. ಅಲ್ಲಿ ಆಮ್ಲಜನಕ ಇಲ್ಲದ್ದರಿಂದ ವಿಭವ ಇಳಿದಿದೆ, ತುಕ್ಕಿನ ವೇಗ ಕಡಿಮೆಯೇ.

ತುಕ್ಕಿನ ವೇಗ ಬೇಕೆಂದರೆ ರೇಖೀಯ ಧ್ರುವೀಕರಣ ಮಾಡಬೇಕು, ಅಂದರೆ ವಿಭವವನ್ನು ತುಸುವೇ ಸರಿಸಿ ಅದಕ್ಕೆ ಎಷ್ಟು ವಿದ್ಯುತ್ ಬೇಕಾಯಿತೆಂದು ನೋಡಬೇಕು. ಸರಳಿನ ವಿಭವವನ್ನು 10 ಮಿಲಿವೋಲ್ಟ್ ಸರಿಸಲು 50 ಮೈಕ್ರೋಆಂಪಿಯರ್ ಬೇಕಾಯಿತು ಎನ್ನಿ, ರೋಧ 200 ಓಮ್. 12 ಮಿ.ಮೀ. ಸರಳಿನ ಸುಮಾರು 35 ಸೆಂ.ಮೀ. ಉದ್ದದ ಮೈ 130 ಚದರ ಸೆಂ.ಮೀ. ಎರಡನ್ನೂ ಗುಣಿಸಿದರೆ 26,000. ಈ ರೋಧದಿಂದ ತುಕ್ಕಿನ ವೇಗ ಲೆಕ್ಕಹಾಕುವ ಸ್ಟರ್ನ್–ಗಿಯರಿ ಸೂತ್ರದ ಸ್ಥಿರಾಂಕ 26 ಮಿಲಿವೋಲ್ಟನ್ನು ಅದರಿಂದ ಭಾಗಿಸಿದರೆ ಚದರ ಸೆಂ.ಮೀ.ಗೆ 1 ಮೈಕ್ರೋಆಂಪಿಯರ್, ಅಂದರೆ ವರ್ಷಕ್ಕೆ 11.6 ಮೈಕ್ರಾನ್ ಕಬ್ಬಿಣ. ಕಡಿಮೆ ಅನ್ನಿಸಬಹುದು. ಆದರೆ ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಕೆಲವೇ ಹತ್ತು ಮೈಕ್ರಾನ್ ಕರಗಿದರೂ ಕವರು, ಅಂದರೆ ಸರಳಿನ ಮೇಲಿನ ಕಾಂಕ್ರೀಟು ಪದರ, ಸೀಳುತ್ತದೆ.

ಫಿನಾಲ್ಫ್ತಲೀನ್ ಸಿಂಪಡಿಸಿ, ಗುಲಾಬಿ ಬಣ್ಣ ಬಂತು, ಸರಳು ಕ್ಷೇಮ ಎನ್ನುವವರಿದ್ದಾರೆ. ಅದು ಕ್ಷಾರ ಉಳಿದಿದೆ ಎಂದಷ್ಟೇ ಹೇಳುತ್ತದೆ. ಉಪ್ಪಿನ ತುಕ್ಕು ಗುಲಾಬಿ ಕಾಂಕ್ರೀಟಿನಲ್ಲೇ ಹಾಯಾಗಿ ನಡೆಯುತ್ತದೆ. 10 ಮಿ.ಮೀ. ಹಂತಗಳಲ್ಲಿ ಕೊರೆದ ಪುಡಿಯ ಕ್ಲೋರೈಡು ಪರೀಕ್ಷೆ ಬಿಡುವಂತಿಲ್ಲ. ಸರಳಿರುವ ಹೊಸ ಕಾಂಕ್ರೀಟಿಗೆ ಭಾರತದ ಕಾಂಕ್ರೀಟು ಸಂಹಿತೆ ಐಎಸ್ 456 ಕೊಟ್ಟಿರುವ ಕ್ಲೋರೈಡಿನ ಮಿತಿ ಘನ ಮೀಟರಿಗೆ 0.6 ಕೆ.ಜಿ. ಕಡಲ ಗಾಳಿಗೆ ಒಡ್ಡಿದ ಕಡೆ ಅದೇ ಸಂಹಿತೆ 45 ಮಿ.ಮೀ. ಕವರು ಕೇಳುತ್ತದೆ. ಕವರ್ ಬ್ಲಾಕಿನ ಬದಲು ಜಲ್ಲಿ ಚೂರು ಸಿಗಿಸಿದ ಬೀಮಿನಲ್ಲಿ ಅದರ ಅರ್ಧವೂ ಉಳಿಯದು. ತಮಿಳುನಾಡಿನ ಕಾರೈಕುಡಿಯಲ್ಲಿ 1953ರಿಂದ ಇರುವ ಕೇಂದ್ರೀಯ ವಿದ್ಯುದ್ರಾಸಾಯನಿಕ ಸಂಶೋಧನಾ ಸಂಸ್ಥೆ ಸರಳಿಗೆ ಸಿಮೆಂಟು–ಪಾಲಿಮರ್ ಲೇಪನ ರೂಪಿಸಿದೆ. ಮಂಡಪಂ ಕಡಲಂಚಿನಲ್ಲಿ ಅದಕ್ಕೆ ಲೋಹಗಳನ್ನು ಉಪ್ಪುಗಾಳಿಗೆ ಒಡ್ಡುವ ಕೇಂದ್ರವೂ ಇದೆ. ಲೇಪನ ಮಾತ್ರ ಸರಳು ಕಟ್ಟುವ ಮೊದಲಿನ ಮದ್ದು, ಉಪ್ಪು ಹೊಕ್ಕ ಹಳೆಯ ಬೀಮಿಗಲ್ಲ.

ಹಳೆಯದಕ್ಕೆ ದಾರಿ ಹೀಗೆ. ಚೌಕಗಳಲ್ಲಿ ಬರೆದುಕೊಂಡ ಅಂಕಿಗಳ ನಕ್ಷೆಯಲ್ಲಿ ಆನೋಡಾದ ಉದ್ದವನ್ನೂ ಸೇರಿಸಿ, ಸರಳಿನ ಹಿಂದೆಯೂ ಸುಮಾರು 25 ಮಿ.ಮೀ. ಕೆತ್ತಿ. ಬೀಮಿಗೆ ಆಸರೆ ಕೊಡದೆ ಕೆತ್ತಬೇಡಿ. ತೇಪೆಯ ಅಂಚಿನಲ್ಲಿ ಸತುವಿನ ಆನೋಡುಗಳನ್ನು ಸರಳಿಗೆ ಬಿಗಿಯಾಗಿ ಕಟ್ಟಿ. ಬರೀ ಸತು ಕಾಂಕ್ರೀಟಿನಲ್ಲಿ ಪೊರೆ ಕಟ್ಟಿಕೊಂಡು ಸುಮ್ಮನಾಗುತ್ತದೆ, ಆದ್ದರಿಂದ ಅದನ್ನು ಎಚ್ಚರವಿಡುವ ಗಾರೆಯಲ್ಲೇ ಹುದುಗಿಸಿದ ತಯಾರಿ ಆನೋಡು ಬೇಕು. ಸರಳಿಗೆ ಎಪಾಕ್ಸಿ ಬಳಿದು, ಅಯಾನು ದಾಟದ ದುಬಾರಿ ಗಾರೆ ತುಂಬಿದರೆ ಸತುವಿನ ದಾರಿಯೇ ಮುಚ್ಚಿಹೋಗುತ್ತದೆ. ಒಂದೆರಡು ಆನೋಡಿನ ತಂತಿ ಮೊದಲೇ ಹೊರಗೆ ಬಿಟ್ಟಿದ್ದು, ತೇಪೆ ಗಟ್ಟಿಯಾದ ಮೇಲೆ ಅದನ್ನು ಬಿಚ್ಚಿ 24 ಗಂಟೆ ಕಾಯಿರಿ. ಸರಳಿನ ವಿಭವ 100 ಮಿಲಿವೋಲ್ಟ್ ಧನದ ಕಡೆಗೆ ಏರಿದರೆ ಕಾವಲು ಸಾಕಷ್ಟಿತ್ತು. ಏರದಿದ್ದರೆ ಮೊದಲು ಕಟ್ಟಿದ ಗಂಟಿನ ರೋಧ ಅಳೆಯಿರಿ.