ಪ್ಲಟೂನಿಂಗ್: ಏರುತಗ್ಗಿನ ರಸ್ತೆಯಲ್ಲಿ ಲಾರಿ ಸಾಲಿನ ಡೀಸೆಲ್ ಲೆಕ್ಕ

ಎರಡು ಮೂರು ಲಾರಿಗಳು ಒಂದರ ಹಿಂದೊಂದು, 10ರಿಂದ 20 ಮೀಟರ್ ಅಂತರದಲ್ಲಿ, ಹೆದ್ದಾರಿಯಲ್ಲಿ ಸಾಲಾಗಿ ಓಡುವುದಕ್ಕೆ ಪ್ಲಟೂನಿಂಗ್ ಎಂದು ಹೆಸರು. ಡ್ರೈವರುಗಳು ಕಣ್ಣಳತೆಯಲ್ಲಿ ಹೀಗೆ ಓಡಿಸುವುದಲ್ಲ, ಅದು ಅಪಾಯ. ಇಲ್ಲಿ ಮುಂದಿನ ಲಾರಿ ತನ್ನ ವೇಗ ಎಷ್ಟು, ಬ್ರೇಕ್ ಹಾಕಿದೆಯಾ ಇಲ್ಲವಾ ಅನ್ನುವುದನ್ನು ರೇಡಿಯೊ ಮೂಲಕ ಸೆಕೆಂಡಿಗೆ ಹಲವು ಸಲ ಹಿಂದಿನದಕ್ಕೆ ಹೇಳುತ್ತಲೇ ಇರುತ್ತದೆ. ಹಿಂದಿನ ಲಾರಿಯ ಕಂಪ್ಯೂಟರ್ ಅದನ್ನು ಕೇಳಿಸಿಕೊಂಡು, ತನ್ನ ರೇಡಾರ್ ಅಳತೆಯನ್ನೂ ಸೇರಿಸಿ, ತಾನೇ ವೇಗ ಹೊಂದಿಸಿಕೊಳ್ಳುತ್ತದೆ. ಮುಂದಿನವರ ಬ್ರೇಕ್ ದೀಪ ನೋಡಿ ನಾವು ಕಾಲು ಇಡುವಷ್ಟರಲ್ಲಿ ಸುಮಾರು ಒಂದು ಸೆಕೆಂಡ್ ಹೋಗುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಆ ಒಂದು ಸೆಕೆಂಡ್ ಅಂದರೆ 22 ಮೀಟರ್. ಅಷ್ಟು ಹೊತ್ತಿಗೆ ಇಡೀ ಅಂತರವೇ ಮುಗಿದಿರುತ್ತದೆ.

ಇಷ್ಟೆಲ್ಲ ಸಾಹಸ ಯಾಕೆ? ಗಾಳಿಗಾಗಿ. ದೊಡ್ಡ ಲಾರಿಯ ಮುಖ ಅಂದರೆ ಹತ್ತು ಚದರ ಮೀಟರ್ ಗೋಡೆ. ಅದು ಗಾಳಿಯನ್ನು ಸೀಳಿಕೊಂಡು ಹೋಗಬೇಕು. ಹಿಂದೆ ಹತ್ತಿರದಲ್ಲೇ ಬರುವ ಲಾರಿಗೆ ಅಷ್ಟು ಗಾಳಿ ಹೊಡೆಯುವುದಿಲ್ಲ. ಸ್ವಲ್ಪ ವಿಚಿತ್ರ ಏನೆಂದರೆ ಮುಂದಿನ ಲಾರಿಗೂ ಲಾಭವಿದೆ. ಅದರ ಬೆನ್ನ ಹಿಂದೆ ಸುಳಿಗಾಳಿ ಎದ್ದು ಹಿಂದಕ್ಕೆ ಎಳೆಯುತ್ತಿರುತ್ತದೆ. ಇನ್ನೊಂದು ಲಾರಿ ಅಲ್ಲಿ ಬಂದು ನಿಂತರೆ ಆ ಎಳೆತ ಕಡಿಮೆಯಾಗುತ್ತದೆ. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ 2014ರಲ್ಲಿ ಎರಡು ಲಾರಿಗಳನ್ನು ಹೀಗೆ ಓಡಿಸಿ ಅಳೆಯಿತು. ಹಿಂದಿನದಕ್ಕೆ ಹೆಚ್ಚೆಂದರೆ ಶೇ. 9.7, ಮುಂದಿನದಕ್ಕೆ ಹೆಚ್ಚೆಂದರೆ ಶೇ. 5.3 ಡೀಸೆಲ್ ಉಳಿಯಿತು.

ಆದರೆ ಅದು ಪರೀಕ್ಷಾ ಟ್ರ್ಯಾಕಿನ ಲೆಕ್ಕ. ನಿಜವಾದ ಹೆದ್ದಾರಿಯಲ್ಲಿ ಏರು ಇರುತ್ತದೆ, ಇಳಿಜಾರು ಇರುತ್ತದೆ. ಕಾರಿನಲ್ಲಿ ಹೋಗುವವರಿಗೆ ಗೊತ್ತೇ ಆಗದ ಏರು ಲಾರಿಗೆ ಬೆಟ್ಟ. ಒಂದು ಚಿಕ್ಕ ಲೆಕ್ಕ ಹಾಕೋಣ.

ಯುರೋಪಿನಲ್ಲಿ ಲೋಡ್ ತುಂಬಿದ ಲಾರಿಯ ತೂಕ ಸಾಮಾನ್ಯವಾಗಿ 40 ಟನ್. ಗಂಟೆಗೆ 80 ಕಿ.ಮೀ. ವೇಗದಲ್ಲಿ ಸಪಾಟು ರಸ್ತೆಯ ಮೇಲೆ ಓಡುವಾಗ ಗಾಳಿ ಅದನ್ನು ಸುಮಾರು 180 ಕೆ.ಜಿ. ತೂಕದಷ್ಟು ಬಲದಿಂದ ತಡೆಯುತ್ತದೆ. ಟಯರ್ ಉರುಳುವುದಕ್ಕೇ ಇನ್ನೊಂದು 220 ಕೆ.ಜಿ.ಯಷ್ಟು ಬೇಕು. ಒಟ್ಟು 400. ಈಗ ರಸ್ತೆ 100 ಮೀಟರಿಗೆ ಒಂದೇ ಒಂದು ಮೀಟರ್ ಏರಿತು ಅಂದುಕೊಳ್ಳಿ. 40 ಟನ್ನಿನ ನೂರನೇ ಒಂದು ಪಾಲು, ಅಂದರೆ ಮತ್ತೊಂದು 400 ಕೆ.ಜಿ. ಹಿಂದಕ್ಕೆ ಎಳೆಯುತ್ತದೆ. ಕಣ್ಣಿಗೇ ಕಾಣದ ಏರಿಗೆ ಎಂಜಿನ್ನಿನ ಕೆಲಸ ಎರಡರಷ್ಟು! ಏರು ಶೇ. 3 ಆದರೆ ಕೆಲಸ ನಾಲ್ಕರಷ್ಟು. ಸಪಾಟಿನಲ್ಲಿ ಸುಮಾರು 120 ಅಶ್ವಶಕ್ತಿ ಸಾಕಾಗುತ್ತಿದ್ದ ಲಾರಿಗೆ ಅದೇ ವೇಗ ಉಳಿಸಿಕೊಳ್ಳಲು 470 ಬೇಕು. 400 ಅಶ್ವಶಕ್ತಿಯ ಎಂಜಿನ್ ಇದ್ದರೆ ಪೂರ್ತಿ ತುಳಿದರೂ ವೇಗ ಇಳಿದೇ ಇಳಿಯುತ್ತದೆ.

ಇಳಿಜಾರಿನಲ್ಲಿ ಇದೇ ಲೆಕ್ಕ ತಿರುಗುಮುರುಗು. ಶೇ. 1 ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ಎತ್ತಿದರೂ ಲಾರಿ 80ರಲ್ಲೇ ಓಡುತ್ತಿರುತ್ತದೆ. ಅದಕ್ಕಿಂತ ಜಾಸ್ತಿ ಇಳಿಜಾರಾದರೆ ತಾನಾಗಿ ವೇಗ ಏರುತ್ತದೆ. ಕಾನೂನಿನ ಮಿತಿ ಇದೆಯಲ್ಲ, ಡ್ರೈವರ್ ಬ್ರೇಕ್ ತುಳಿಯಲೇಬೇಕು. ಹಣ ಸೋರುವ ಜಾಗ ಇದೇ. 20 ಮೀಟರ್ ಎತ್ತರದ ದಿಬ್ಬ ಹತ್ತಿಸಲು 40 ಟನ್ ಲಾರಿ ಹೆಚ್ಚುಕಡಿಮೆ ಅರ್ಧ ಲೀಟರ್ ಡೀಸೆಲ್ ಸುಡುತ್ತದೆ. ಬ್ರೇಕ್ ಹಾಕದೆ ಇಳಿದರೆ ಆ ಅರ್ಧ ಲೀಟರಿನ ಬಹುಪಾಲು ಮುಂದಿನ ಓಟಕ್ಕೆ ವಾಪಸ್ ಸಿಗುತ್ತದೆ. ಬ್ರೇಕ್ ಹಾಕಿದರೆ ಬರೀ ಬಿಸಿಯಾಗಿ ಹೋಗುತ್ತದೆ.

ಈಗ ಇದೇ ಇಳಿಜಾರಿಗೆ ಸಾಲನ್ನು ತನ್ನಿ. ಹಿಂದಿನ ಲಾರಿಗೆ ಗಾಳಿಯ ತಡೆ ಮೂರನೇ ಒಂದು ಭಾಗ ಕಡಿಮೆ ಎಂದಿಟ್ಟುಕೊಳ್ಳೋಣ. 180 ಇದ್ದದ್ದು 120 ಆಯಿತು. ಎರಡೂ ಲಾರಿಗಳ ತೂಕ ಒಂದೇ, ಎರಡೂ ಕಾಲು ಎತ್ತಿವೆ. ಶೇ. 1 ಇಳಿಜಾರಿನಲ್ಲಿ ಮುಂದಿನದು 80ರಲ್ಲೇ ಇರುತ್ತದೆ. ಹಿಂದಿನದಕ್ಕೆ 60 ಕೆ.ಜಿ.ಯಷ್ಟು ಬಲ ಮಿಗುತ್ತದೆ, ಅದು ನಿಧಾನವಾಗಿ ಮುಂದಿನದರ ಮೇಲೆ ಹೋಗತೊಡಗುತ್ತದೆ. 15 ಮೀಟರ್ ಅಂತರ ಮುಕ್ಕಾಲು ನಿಮಿಷದಲ್ಲಿ ಮುಗಿಯುತ್ತದೆ. ಹಾಗಾಗಿ ಅದು ಬ್ರೇಕ್ ಹಾಕಬೇಕು. ಮುಂದಿನ ಲಾರಿ ಒಂದು ಸಲವೂ ಬ್ರೇಕ್ ಮುಟ್ಟದ ರಸ್ತೆಯಲ್ಲಿ, ಗಾಳಿ ಉಳಿಸಿಕೊಂಡ ತಪ್ಪಿಗೆ ಹಿಂದಿನದು ಬ್ರೇಕ್ ಹಾಕುತ್ತಾ ಹೋಗಬೇಕು! ಗಾಳಿಯಲ್ಲಿ ಗಳಿಸಿದ್ದನ್ನು ಬ್ರೇಕಿನಲ್ಲಿ ಕಳೆಯುವುದು ಅಂದರೆ ಇದು.

ಏರಿನಲ್ಲಿ ಇನ್ನೊಂದು ಪಾಡು. ಮುಂದಿನ ಲಾರಿ ಅರ್ಧ ಖಾಲಿ, ಹಿಂದಿನದು ಪೂರ್ತಿ ಲೋಡ್ ಅಂದುಕೊಳ್ಳಿ. ಮುಂದಿನದು 80ರಲ್ಲೇ ಹತ್ತಿ ಹೋಯಿತು, ಹಿಂದಿನದು 60ಕ್ಕೆ ಇಳಿಯಿತು. ಸಾಲು ಒಡೆಯಿತು. ದಿಬ್ಬದ ನೆತ್ತಿ ದಾಟಿದ ಮೇಲೆ ಹಿಂದಿನದು ಜೋರಾಗಿ ಓಡಿ ಹಿಡಿಯಬೇಕು, ಹಿಡಿದ ಕೂಡಲೇ ಮತ್ತೆ ಬ್ರೇಕ್. ಒಂದೊಂದು ದಿಬ್ಬಕ್ಕೂ ಇದೇ ಕತೆ.

ಹಾಗಾದರೆ ಪರಿಹಾರ? ಮೊದಲು ಒಂಟಿ ಲಾರಿಯನ್ನು ನೋಡೋಣ, ಯಾಕೆಂದರೆ ಅರ್ಧ ಉತ್ತರ ಅಲ್ಲೇ ಇದೆ. ಸಾಮಾನ್ಯ ಕ್ರೂಸ್ ಕಂಟ್ರೋಲ್, ಅಂದರೆ ಒಮ್ಮೆ ಹೇಳಿದ ವೇಗವನ್ನು ತಾನೇ ಕಾಯ್ದುಕೊಳ್ಳುವ ಸಾಧನ, ಮುಂದಿನ ರಸ್ತೆಯನ್ನು ನೋಡುವುದಿಲ್ಲ. 80 ಅಂದರೆ 80. ನೆತ್ತಿ ಇನ್ನು 50 ಮೀಟರ್ ಇದೆ, ಆಮೇಲೆ ಇಳಿಜಾರೇ ಅಂತ ಅದಕ್ಕೆ ಗೊತ್ತಿಲ್ಲ. ಪೂರ್ತಿ ತುಳಿದು ಹತ್ತಿಸುತ್ತದೆ, ಮರುಕ್ಷಣವೇ ಬ್ರೇಕ್ ಹಾಕುತ್ತದೆ. ದಾರಿ ಗೊತ್ತಿರುವ ಹಳೆಯ ಡ್ರೈವರ್ ಹಾಗೆ ಮಾಡುವುದಿಲ್ಲ, ಅಲ್ವಾ? ಏರು ಶುರುವಾಗುವ ಮುಂಚೆ ಸ್ವಲ್ಪ ವೇಗ ಕೂಡಿಸಿಕೊಳ್ಳುತ್ತಾನೆ, ನೆತ್ತಿ ಹತ್ತಿರ ಬಂದಾಗ ಕಾಲು ಸಡಿಲ ಬಿಡುತ್ತಾನೆ, ಹೋದ ವೇಗವನ್ನು ಇಳಿಜಾರಿನಲ್ಲಿ ಪುಕ್ಕಟೆಯಾಗಿ ವಾಪಸ್ ಪಡೆಯುತ್ತಾನೆ.

ಇದನ್ನೇ ಕಂಪ್ಯೂಟರಿಗೆ ಕಲಿಸಿದ ಒಂದು ಒಳ್ಳೆಯ ಪ್ರಯೋಗ ಸ್ವೀಡನ್ನಿನದು. ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದ ಎರಿಕ್ ಹೆಲ್‌ಸ್ಟ್ರೋಮ್ ಮತ್ತು ಜೊತೆಯವರು ಸ್ಕೇನಿಯಾ ಲಾರಿಯೊಂದಕ್ಕೆ ಜಿಪಿಎಸ್ ಮತ್ತು ರಸ್ತೆಯ ಏರುತಗ್ಗಿನ ನಕ್ಷೆ ಕೊಟ್ಟು, ಸೋದರ್‌ತೆಲ್ಯೆ ಮತ್ತು ನೋರ್‌ಶೋಪಿಂಗ್ ನಡುವಿನ 120 ಕಿ.ಮೀ. ಹೆದ್ದಾರಿಯಲ್ಲಿ ಓಡಿಸಿದರು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಪ್ರಯಾಣದ ಸಮಯ ಹೆಚ್ಚಾಗದೆಯೇ ಶೇ. 3.5 ಡೀಸೆಲ್ ಉಳಿಯಿತು. ಗೇರ್ ಬದಲಾವಣೆ ಶೇ. 42 ಕಡಿಮೆಯಾಯಿತು. ನನಗೆ ಇದರಲ್ಲಿ ಇಷ್ಟವಾಗುವುದು ‘ಸಮಯ ಹೆಚ್ಚಾಗದೆಯೇ’ ಅನ್ನುವ ಮಾತು. ನಿಧಾನ ಓಡಿಸಿ ಡೀಸೆಲ್ ಉಳಿಸುವುದು ಯಾರಿಗೂ ಬರುತ್ತದೆ.

ಇನ್ನು ಸಾಲಿನ ಮಾತು. ಎಲ್ಲ ಲಾರಿಗಳಿಗೂ ನಕ್ಷೆ ಕೊಟ್ಟು ‘ನಿಮಗೆ ಒಳ್ಳೆಯದೆನಿಸಿದ ಹಾಗೆ ಓಡಿ’ ಅಂದರೆ ಆಗುವುದಿಲ್ಲ. ಹಗುರ ಲಾರಿಗೆ ಒಳ್ಳೆಯದಾದ ವೇಗ ಭಾರದ ಲಾರಿಗೆ ಸಾಧ್ಯವೇ ಇಲ್ಲದ ವೇಗ ಆಗಿರಬಹುದು. ಒಂದಕ್ಕೊಂದು ತಾಳೆಯಾಗದೆ ಸಾಲು ಚದುರುತ್ತದೆ. ಸ್ಟಾಕ್‌ಹೋಮಿನ ಕೆಟಿಎಚ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಲೇರಿಯೊ ತುರ್ರಿ, ಬಾರ್ಟ್ ಬೆಸೆಲಿಂಕ್ ಮತ್ತು ಕಾರ್ಲ್ ಹೆನ್ರಿಕ್ ಯೋಹಾನ್ಸನ್ ಇದಕ್ಕೆ ಎರಡು ಹಂತದ ದಾರಿ ಮಾಡಿದರು. ಮೇಲಿನ ಹಂತ ಇಡೀ ಸಾಲಿನ ಯಜಮಾನ ಇದ್ದ ಹಾಗೆ. ಮುಂದಿನ ರಸ್ತೆಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಒಂದೊಂದು ತುಂಡಿನಲ್ಲಿ ಯಾವ ವೇಗದಲ್ಲಿ ಹೋದರೆ ಎಲ್ಲ ಲಾರಿಗಳ ಒಟ್ಟು ಡೀಸೆಲ್ ಕಡಿಮೆ ಆಗುತ್ತದೆ ಎಂದು ಲೆಕ್ಕ ಹಾಕುತ್ತದೆ. ಯಾವ ಲಾರಿಗೆ ಎಷ್ಟು ತೂಕ, ಎಷ್ಟು ಎಂಜಿನ್ ಬಲ ಅನ್ನುವುದೂ ಆ ಲೆಕ್ಕದಲ್ಲಿ ಇರುತ್ತದೆ. ಕೆಳಗಿನ ಹಂತ ಒಂದೊಂದು ಲಾರಿಯಲ್ಲೂ ಇರುತ್ತದೆ. ಮೇಲಿನಿಂದ ಬಂದ ವೇಗವನ್ನು ಪಾಲಿಸುವುದು ಅದರ ಕೆಲಸ. ಜೊತೆಗೆ, ಮುಂದಿನ ಲಾರಿ ಈ ಕ್ಷಣ ಪೂರ್ತಿ ಬ್ರೇಕ್ ಹಾಕಿದರೂ ಡಿಕ್ಕಿಯಾಗದಷ್ಟು ಜಾಗ ಸದಾ ಉಳಿಸಿಕೊಳ್ಳಬೇಕು. ಡೀಸೆಲ್ಲಿಗಾಗಿ ಈ ಷರತ್ತು ಸಡಿಲವಾಗುವ ಹಾಗಿಲ್ಲ.

ಈ ಯೋಜನೆಯಲ್ಲಿ ಒಂದು ಚಂದದ ವಿಚಾರ ಇದೆ. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸಾಲು ಅಂದ ಕೂಡಲೇ ನಾವು ಅಂತರ ಸದಾ ಒಂದೇ ಇರಬೇಕು ಅಂದುಕೊಳ್ಳುತ್ತೇವೆ. 15 ಮೀಟರ್ ಅಂದರೆ ಎಲ್ಲೆಲ್ಲೂ 15 ಮೀಟರ್. ಅಂತರ ಬದಲಾಗಬಾರದು ಅಂದರೆ ಎಲ್ಲ ಲಾರಿಗಳೂ ಒಂದೇ ಹೊತ್ತಿನಲ್ಲಿ ಒಂದೇ ವೇಗದಲ್ಲಿ ಇರಬೇಕು. ಸಪಾಟಿನಲ್ಲಿ ಇದು ಸರಿ. ದಿಬ್ಬದ ಮೇಲೆ? ಮೊದಲ ಲಾರಿ ನೆತ್ತಿ ದಾಟಿ ಇಳಿಜಾರಿನಲ್ಲಿ ವೇಗ ಪಡೆಯುತ್ತಿದೆ. ಮೂರನೆಯದು ಇನ್ನೂ ಏರಿನಲ್ಲಿದೆ. ಅಂತರ ಉಳಿಸಿಕೊಳ್ಳಲು ಅದು ಏರಿನಲ್ಲೇ ವೇಗ ಹೆಚ್ಚಿಸಬೇಕು. ಆಮೇಲೆ ಮೊದಲನೆಯದು ತಗ್ಗು ಮುಗಿಸಿ ಮತ್ತೆ ಏರು ಹಿಡಿದು ನಿಧಾನವಾದರೆ, ಇನ್ನೂ ಇಳಿಜಾರಿನಲ್ಲಿರುವ ಮೂರನೆಯದು ಬ್ರೇಕ್ ಹಾಕಬೇಕು. ಎರಡು ಕಡೆಯೂ ನಷ್ಟ.

ಬದಲಿಗೆ, ಒಂದೇ ಜಾಗದಲ್ಲಿ ಒಂದೇ ವೇಗ ಎಂದು ನಿಯಮ ಮಾಡಿ. ಮೊದಲ ಲಾರಿ ನೆತ್ತಿಯನ್ನು 70ರಲ್ಲಿ ದಾಟಿದರೆ ಎಲ್ಲವೂ ಆ ನೆತ್ತಿಯನ್ನು 70ರಲ್ಲೇ ದಾಟಲಿ, ತಮ್ಮ ಸರದಿ ಬಂದಾಗ. ಆಗ ಬದಲಾಗದೆ ಉಳಿಯುವುದು ಸಮಯ, ಮೀಟರ್ ಅಲ್ಲ. ಉದಾಹರಣೆಗೆ, ಹಿಂದಿನ ಲಾರಿ ಸದಾ ಒಂದೂವರೆ ಸೆಕೆಂಡ್ ತಡವಾಗಿ ಅದೇ ಜಾಗಕ್ಕೆ ಬರಲಿ. 80ರ ವೇಗದಲ್ಲಿ ಒಂದೂವರೆ ಸೆಕೆಂಡಿಗೆ 33 ಮೀಟರ್, 16.5 ಮೀಟರ್ ಉದ್ದದ ಲಾರಿಯನ್ನು ಕಳೆದರೆ ನಡುವೆ ಸುಮಾರು 17 ಮೀಟರ್ ಉಳಿಯಿತು. ಏರಿನಲ್ಲಿ ವೇಗ 60ಕ್ಕೆ ಇಳಿದಾಗ ಅದೇ ಅಂತರ ಎಂಟೂವರೆ ಮೀಟರ್ ಆಗುತ್ತದೆ. ಸಾಲು ಏರಿನಲ್ಲಿ ಮುದುಡುತ್ತದೆ, ಇಳಿಜಾರಿನಲ್ಲಿ ಅಗಲವಾಗುತ್ತದೆ. ಹೊರಗಿನಿಂದ ನೋಡಿದವರಿಗೆ ಶಿಸ್ತು ತಪ್ಪಿದ ಹಾಗೆ ಕಂಡರೂ ಡೀಸೆಲ್ ಉಳಿಯುವುದು ಹೀಗೇ.

2017ರಲ್ಲಿ ಅವರು ಪ್ರಕಟಿಸಿದ ಲೆಕ್ಕದ ಪ್ರಕಾರ, ಆಗ ಇದ್ದ ಪ್ಲಟೂನ್ ನಿಯಂತ್ರಣಗಳಿಗೆ ಹೋಲಿಸಿದರೆ ಹಿಂದಿನ ಲಾರಿಗಳಿಗೆ ಶೇ. 12ರವರೆಗೆ ಉಳಿತಾಯ ಸಾಧ್ಯ. ಇದು ಕಂಪ್ಯೂಟರ್ ಸಿಮ್ಯುಲೇಶನ್ನಿನ ಸಂಖ್ಯೆ, ರಸ್ತೆಯದ್ದಲ್ಲ, ನೆನಪಿರಲಿ. ಆದರೆ ಆ ಉಳಿತಾಯದ ಬಹುಪಾಲು ಎಲ್ಲಿಂದ ಬಂತು ಅಂದರೆ ಬ್ರೇಕ್ ಬಳಕೆ ಕಡಿಮೆಯಾದದ್ದರಿಂದ. ಗಾಳಿಯ ಲಾಭ ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ ಇತ್ತು.

ಯಾವ ಲಾರಿ ಮುಂದೆ ಇರಬೇಕು ಅನ್ನುವುದೂ ಒಂದು ಪ್ರಶ್ನೆ. ಏರಿನಲ್ಲಿ ಬಲ ಕಡಿಮೆ ಇರುವುದು ಮುಂದೆ ಇದ್ದರೆ ಉಳಿದವು ಸಲೀಸಾಗಿ ಹಿಂಬಾಲಿಸಬಹುದು. ಬ್ರೇಕ್ ದೃಷ್ಟಿಯಿಂದ, ನಿಲ್ಲಲು ಜಾಸ್ತಿ ದೂರ ಬೇಕಾದ ಲಾರಿ ಮುಂದೆ ಇರುವುದು ಕ್ಷೇಮ, ಇಲ್ಲದಿದ್ದರೆ ಅದು ಮುಂದಿನವರ ಮೇಲೆ ಹೋಗುತ್ತದೆ. ಆದರೆ ಗಾಳಿಯ ಲಾಭ ಮುಂದಿನವನಿಗೇ ಕಡಿಮೆ. ಲಾರಿಗಳು ಬೇರೆ ಬೇರೆ ಮಾಲೀಕರದ್ದಾದರೆ ಉಳಿದ ಹಣ ಹಂಚುವ ತಕರಾರು ಬೇರೆ.

ಇದೆಲ್ಲ ನಮ್ಮ ಶಿರಾಡಿ ಘಾಟಿಗೆ ಬರುತ್ತದಾ ಎಂದು ಕೇಳುವವರಿಗೆ: ಇಲ್ಲ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಸಕಲೇಶಪುರದಿಂದ ಗುಂಡ್ಯಕ್ಕೆ ಇಳಿಯುವ ತಿರುವುಗಳಲ್ಲಿ ಲಾರಿ 30ರಲ್ಲಿ ಹೋಗುತ್ತಿದ್ದರೆ ಗಾಳಿಯ ತಡೆ 80ರಲ್ಲಿ ಇರುವುದರ ಏಳನೇ ಒಂದು ಭಾಗ. ಹತ್ತಿರ ಓಡಿ ಉಳಿಸಲು ಅಲ್ಲಿ ಏನೂ ಇಲ್ಲ. ಪ್ಲಟೂನಿಂಗ್ ಇರುವುದು ಅಗಲ ಹೆದ್ದಾರಿಗೆ, ಸಣ್ಣ ಏರುತಗ್ಗಿಗೆ. ಘಾಟಿಯ ಮಾತು ಬಂದದ್ದರಿಂದ ಇನ್ನೊಂದು: ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆ ಅನ್ನುವ ನಂಬಿಕೆ ಇನ್ನೂ ಇದೆ. ಈಗಿನ ಎಂಜಿನ್ನುಗಳಲ್ಲಿ ಗೇರಿನಲ್ಲೇ ಕಾಲು ಎತ್ತಿದರೆ ಡೀಸೆಲ್ ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್ ಆದರೆ ಎಂಜಿನ್ ಆರದಂತೆ ಸ್ವಲ್ಪ ಸುಡುತ್ತಲೇ ಇರಬೇಕು. ಎಂಜಿನ್ನಿನ ತಡೆಯೂ ಇಲ್ಲದೆ ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಕಡಿದಾದ ಘಾಟಿಯಲ್ಲಿ ಅದು ಸುಮ್ನೆ ಜೀವ ಪಣಕ್ಕಿಡುವುದು.

ಯುರೋಪಿನ ರಸ್ತೆಗೆ ವಾಪಸ್ ಬರೋಣ. 2016ರ ಏಪ್ರಿಲ್‌ನಲ್ಲಿ ನೆದರ್‌ಲ್ಯಾಂಡ್ಸ್ ಮುಂದಾಳುತನದಲ್ಲಿ ಡಾಫ್, ಡೈಮ್ಲರ್, ಇವೆಕೊ, ಮಾನ್, ಸ್ಕೇನಿಯಾ, ವೋಲ್ವೊ ಎಂಬ ಆರು ಕಂಪನಿಗಳ ಲಾರಿ ಸಾಲುಗಳು ಬೇರೆ ಬೇರೆ ದೇಶಗಳಿಂದ ಹೊರಟು ರಾಟರ್‌ಡ್ಯಾಮ್ ಬಂದರು ಸೇರಿದವು. ಭಾರಿ ಸುದ್ದಿಯಾಯಿತು. ಆಮೇಲೆ 2018ರಿಂದ ಮಾನ್ ಮತ್ತು ಸರಕು ಸಾಗಣೆ ಕಂಪನಿ ಡಿಬಿ ಶೆಂಕರ್ ಸೇರಿ ಮ್ಯೂನಿಕ್ ಮತ್ತು ನ್ಯೂರೆಂಬರ್ಗ್ ನಡುವಿನ ಹೆದ್ದಾರಿಯಲ್ಲಿ ನಿಜವಾದ ಸರಕು ಹೇರಿ ಓಡಿಸಿದವು. ಜರ್ಮನಿಯಲ್ಲಿ ಹೆದ್ದಾರಿ ಲಾರಿಗಳ ನಡುವೆ 50 ಮೀಟರ್ ಬಿಡಬೇಕೆಂಬ ಕಾನೂನು ಇದೆ, ಆ ಪ್ರಯೋಗದ ಅಂತರವೋ 15ರಿಂದ 21 ಮೀಟರ್. ಉಳಿದ ಡೀಸೆಲ್ ಶೇ. 3ರಿಂದ 4. ಟ್ರ್ಯಾಕಿನ ಶೇ. 10ರ ಕನಸು ರಸ್ತೆಗೆ ಬಂದಾಗ ಇಷ್ಟಾಯಿತು.

2019ರ ಜನವರಿಯಲ್ಲಿ ಡೈಮ್ಲರ್ ಇನ್ನೂ ನೇರವಾಗಿ ಹೇಳಿತು. ಅಮೆರಿಕದಲ್ಲಿ ವರ್ಷಗಟ್ಟಲೆ ಓಡಿಸಿ ನೋಡಿದ್ದೇವೆ, ಎಲ್ಲ ಸರಿಯಿದ್ದಾಗಲೂ ಉಳಿತಾಯ ಅಂದುಕೊಂಡದ್ದಕ್ಕಿಂತ ಕಡಿಮೆ, ಸಾಲು ಒಡೆದು ಮತ್ತೆ ಕೂಡಿಕೊಳ್ಳಲು ವೇಗ ಹೆಚ್ಚಿಸಬೇಕಾದಾಗ ಅದೂ ಕರಗುತ್ತದೆ, ದೂರದ ಸಾಗಣೆಗೆ ಸದ್ಯ ಇದರಲ್ಲಿ ವ್ಯಾಪಾರ ಕಾಣುತ್ತಿಲ್ಲ ಎಂದು. ಸಾಲು ಒಡೆಯುವುದು ದಿಬ್ಬದಿಂದ ಮಾತ್ರ ಅಲ್ಲ. ನಡುವೆ ಒಂದು ಕಾರು ನುಗ್ಗಿದರೂ ಸಾಕು, ಮುಂದಿನ ತಿರುವಿನಲ್ಲಿ ಇಳಿದುಹೋಗುವ ಕಾರು ಹಾಗೆ ನುಗ್ಗುವುದು ದಿನನಿತ್ಯದ ಮಾತು.

ಅಲ್ಲಿಗೆ ಇಡೀ ವಿಚಾರ ಮೂಲೆ ಸೇರಿತು ಅಂತಲ್ಲ. ಏರುತಗ್ಗಿನ ನಕ್ಷೆ ಓದಿ ಓಡುವ ಅರ್ಧ ಭಾಗ ಆಗಲೇ ಅಂಗಡಿಗೆ ಬಂದಿತ್ತು. ಸ್ಕೇನಿಯಾ ಅದನ್ನು ಆ್ಯಕ್ಟಿವ್ ಪ್ರಿಡಿಕ್ಷನ್ ಎಂಬ ಹೆಸರಿನಲ್ಲಿ, ವೋಲ್ವೊ ಐ-ಸೀ ಎಂಬ ಹೆಸರಿನಲ್ಲಿ ಮಾರುತ್ತವೆ. ಅದಕ್ಕೆ ಜೊತೆಗಾರ ಲಾರಿ ಬೇಡ, ವಿಶೇಷ ಅನುಮತಿ ಬೇಡ. ನನ್ನ ಅಂದಾಜಿನಲ್ಲಿ ಪ್ಲಟೂನಿಂಗ್ ಮತ್ತೆ ಎದ್ದರೆ ಅದು ಹಿಂದಿನ ಲಾರಿಗೆ ಡ್ರೈವರ್ ಬೇಡ ಅನ್ನುವ ದಿನ. ಆಗ ಉಳಿಯುವುದು ಸಂಬಳ, ಡೀಸೆಲ್ ಅದರ ಮೇಲಿನ ಕೊಸರು.