ಎಳೆದು ಅಳೆದ ಬಟ್ಟೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯ ಒಂದು ಜವಳಿ ಅಂಗಡಿಯಲ್ಲಿ ನನ್ನ ಅತ್ತಿಗೆ 2.5 ಮೀಟರ್ ಬನಿಯನ್ ಬಟ್ಟೆ ತಗೊಂಡರು. ಮಕ್ಕಳಿಗೆ ಮನೆಯಲ್ಲಿ ಹಾಕಲು ಅಂಗಿ ಹೊಲಿಸುವುದಕ್ಕೆ. ಅಂಗಡಿಯ ಹುಡುಗ ಸ್ಟ್ಯಾಂಡಿನಲ್ಲಿದ್ದ ರೋಲಿನಿಂದ ಬಟ್ಟೆಯನ್ನು ಸರ್ರನೆ ಎಳೆದ. ಮೇಜಿನ ಅಂಚಿಗೆ ಕೂರಿಸಿದ್ದ ಸ್ಟೀಲ್ ಪಟ್ಟಿಗೆ ಬಿಗಿಯಾಗಿ ಹಿಡಿದು ಅಳೆದ, ಕತ್ತರಿಸಿ ಕೊಟ್ಟ. ಮರುದಿನ ಟೈಲರ್ ಫೋನ್ ಮಾಡಿದರು. "ಅಕ್ಕಾ, ಇದು ಎರಡು ಮೀಟರ್ ನಲವತ್ತೇ ಉಂಟಲ್ಲ?"

ಅತ್ತಿಗೆಗೆ ಸಿಟ್ಟು ಬಂತು, ಬಾರದೆ ಇರುತ್ತದಾ? ಆದರೆ ಅಳೆಯುವಾಗ ನಾನೂ ಪಕ್ಕದಲ್ಲೇ ನಿಂತಿದ್ದೆ. ಪಟ್ಟಿಯ ಮೇಲೆ ಸರಕಾರದ ಮುದ್ರೆ ಇತ್ತು. ಹುಡುಗ ಲೆಕ್ಕ ತಪ್ಪಲಿಲ್ಲ. ಹಾಗಾದರೆ ಆ 10 ಸೆಂಟಿಮೀಟರ್ ಎಲ್ಲಿ ಹೋಯಿತು?

ಮೊದಲು ಅಳತೆಯ ಪಟ್ಟಿಯ ಮೇಲೇ ಸಂಶಯಪಡೋಣ. ನಮ್ಮ ಅಜ್ಜಂದಿರ ಕಾಲದಲ್ಲಿ ಬಟ್ಟೆಗೆ ಗಜದ ಲೆಕ್ಕ. ಕಾಸರಗೋಡಿನ ಪೇಟೆಯಲ್ಲಿ ಮಲಯಾಳ ಮಾತಾಡುವವರು ಅದನ್ನೇ ವಾರ ಎನ್ನುತ್ತಾರೆ. ಒಂದು ಗಜವೆಂದರೆ 91.44 ಸೆಂಟಿಮೀಟರ್. 1956ರಲ್ಲಿ ಬಂದ ಅಳತೆ ಮತ್ತು ತೂಕದ ಕಾಯ್ದೆಯ ನಂತರ ಮೀಟರ್ ಹಂತಹಂತವಾಗಿ ಅಂಗಡಿಗೆ ಬಂತು. ಈಗ ಮೀಟರಿಗೆ ಆಧಾರ ಬೆಳಕು. ನಿರ್ವಾತದಲ್ಲಿ ಬೆಳಕು ಒಂದು ಸೆಕೆಂಡಿನ 29,97,92,458ನೇ ಒಂದು ಭಾಗದಲ್ಲಿ ಎಷ್ಟು ದೂರ ಹೋಗುತ್ತದೋ ಅದೇ ಒಂದು ಮೀಟರ್. 1983ರಿಂದ ಇಡೀ ಜಗತ್ತಿಗೆ ಇದೇ ಲೆಕ್ಕ.

ಅಂಗಡಿಯ ಸ್ಟೀಲ್ ಪಟ್ಟಿ ಬಿಸಿಗೆ ಹಿಗ್ಗುತ್ತದೆ ನಿಜ. 20 ಡಿಗ್ರಿಯಿಂದ 35 ಡಿಗ್ರಿಗೆ ಏರಿದರೆ ಒಂದು ಮೀಟರಿನಲ್ಲಿ ಹೆಚ್ಚುಕಡಿಮೆ 0.18 ಮಿಲಿಮೀಟರ್. ಎರಡು ಕೂದಲೆಳೆಯಷ್ಟು, ಅಷ್ಟೆ. ನಮಗೆ ಕಾಣೆಯಾದದ್ದು 10 ಸೆಂಟಿಮೀಟರ್.

ಇನ್ನು ಬಟ್ಟೆಯ ಸರದಿ. ಕೈಮಗ್ಗದ್ದಾಗಲಿ ಮಿಲ್ಲಿನದಾಗಲಿ, ನೇಯ್ದ ಬಟ್ಟೆಯಲ್ಲಿ ಹಾಸು, ಹೊಕ್ಕು ಎಂದು ಎರಡು ನೂಲು. ಹೊಕ್ಕು ಅಡ್ಡಕ್ಕೆ, ಹಾಸು ಉದ್ದಕ್ಕೆ ಹೋಗುತ್ತದೆ, ಆದರೆ ಹಾಸಿನ ನೂಲು ನೆಟ್ಟಗೆ ಹೋಗುವುದಿಲ್ಲ. ಒಂದು ಹೊಕ್ಕಿನ ಮೇಲೆ ಹತ್ತಿ, ಮುಂದಿನದರ ಕೆಳಗೆ ಇಳಿದು, ಘಟ್ಟದ ರಸ್ತೆಯ ಹಾಗೆ ಸಾಗುತ್ತದೆ. ಬಟ್ಟೆಯನ್ನು ಎಳೆದರೆ ಈ ಏರಿಳಿತ ಸಪಾಟಾಗುತ್ತದೆ, ನೂಲು ಉದ್ದವಾಗದಿದ್ದರೂ ಬಟ್ಟೆ ಉದ್ದವಾಗುತ್ತದೆ. ಜಿಐ ಟ್ಯಾಗ್ ಸಿಕ್ಕಿರುವ ನಮ್ಮ ಕಾಸರಗೋಡು ಸೀರೆಯೂ ಹಾಗೆಯೇ. ಮಗ್ಗದ ಮೇಲೆ ಹಾಸು ಬಿಗಿಯಾಗಿರುವಾಗ ಇದ್ದ ಉದ್ದ, ಮಗ್ಗದಿಂದ ಇಳಿಸಿದ ಮೇಲೆ ಸ್ವಲ್ಪ ಕಡಿಮೆಯೇ.

ಬನಿಯನ್ ಬಟ್ಟೆಯದು ಇನ್ನೂ ಬೇರೆ ಕತೆ. ಅದರಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಸ್ವೆಟರಿನ ಹಾಗೆ ಕುಣಿಕೆಯೊಳಗೆ ಕುಣಿಕೆ ಸಿಕ್ಕಿಸಿ ಹೆಣೆದದ್ದು. ಎಳೆದಾಗ ದುಂಡಗಿನ ಕುಣಿಕೆ ಉದ್ದುದ್ದ ಆಗುತ್ತದೆ, ಬಿಟ್ಟಾಗ ಮತ್ತೆ ದುಂಡಗಾಗುತ್ತದೆ. ಒಂದು ಮೀಟರಿಗೆ ಬರೀ 4 ಸೆಂಟಿಮೀಟರ್ ಹಿಗ್ಗಿದ್ದರೂ ಸಾಕು, ಅಂಗಡಿಯಲ್ಲಿ 2.5 ಮೀಟರ್ ಆದ ಬಟ್ಟೆ ಟೈಲರ್ ಮೇಜಿನ ಮೇಲೆ 2.4 ಮೀಟರ್. ಅತ್ತಿಗೆಯ ಲೆಕ್ಕ ಅಲ್ಲಿಗೆ ಸರಿಹೋಯಿತು.

ಹುಡುಗ ಅಷ್ಟು ಜೋರಾಗಿ ಯಾಕೆ ಎಳೆದ? ಎಳೆಯದೆ ರೋಲು ತಿರುಗುವುದಿಲ್ಲ, ಅದಕ್ಕೆ. ಅಲ್ಲಿದ್ದ ಸ್ಟ್ಯಾಂಡನ್ನೇ ನೋಡಿ: ಎರಡು ಕಂಬ, ಕಂಬಗಳಲ್ಲಿ ಕೊಕ್ಕೆ, ಕೊಕ್ಕೆಯ ಮೇಲೆ ಅಡ್ಡ ಪೈಪು, ಪೈಪಿಗೆ ಪೋಣಿಸಿದ ರಟ್ಟಿನ ಕೊಳವೆ, ಅದರ ಸುತ್ತ ಬಟ್ಟೆ. ರೋಲಿನ ತೂಕ 18 ಕಿಲೋ ಅಂತಿಟ್ಟುಕೊಳ್ಳಿ. ಸರಕ್ಕನೆ ಎಳೆದರೆ ಕೈಗೆ ಅಷ್ಟೂ ಭಾರ ಬೀಳುವುದಿಲ್ಲ. ಹೊರಗಿನ ಸುತ್ತು ವೇಗವಾಗಿ ಓಡುತ್ತದೆ, ಒಳಗಿನ ಸುತ್ತು ನಿಧಾನ. ಒಟ್ಟು ಲೆಕ್ಕ ಹಾಕಿದರೆ ಅರ್ಧ ತೂಕದ, ಅಂದರೆ 9 ಕಿಲೋದ ವಸ್ತುವನ್ನು ಜಗ್ಗಿದಂತೆ. ಕೊಳವೆ ಪೈಪಿಗೆ ಉಜ್ಜುವ ತಡೆ ಇದರ ಮೇಲೆ ಬೇರೆ. ಈ ಜಗ್ಗಾಟವನ್ನೆಲ್ಲ ತಾಳಿಕೊಳ್ಳುವುದು ಆ ಪುಟ್ಟ ಕುಣಿಕೆಗಳು.

ಒಳ್ಳೆಯ ಸ್ಟ್ಯಾಂಡ್ ಅಂದರೆ ಏನು ಅಂತ ಕೇಳಿದರೆ ನಾನು ಮೊದಲು ನೋಡುವುದು ಇದನ್ನೇ. ರೋಲಿಗೂ ಮೇಜಿಗೂ ನಡುವೆ ಬಟ್ಟೆ ಜೋಲುಬೀಳಲು ಜಾಗ ಇದೆಯಾ? ಮೊದಲು ಬೇಕಾದದ್ದಕ್ಕಿಂತ ಜಾಸ್ತಿ ಬಟ್ಟೆ ಬಿಚ್ಚಿ, ತೊಟ್ಟಿಲಿನ ಹಾಗೆ ಜೋಲಲು ಬಿಟ್ಟು, ಆಮೇಲೆ ಮೇಜಿನ ಮೇಲೆ ಸರಿಸಿದರೆ ರೋಲಿನ ಭಾರ ಅಳತೆಯವರೆಗೆ ಬರುವುದೇ ಇಲ್ಲ. ಜೊತೆಗೆ ರೋಲಿಗೆ ಒಂದು ತಡೆ ಬೇಕು. ಹಳೇ ಬೆಲ್ಟಿನ ತುಂಡೊಂದು ಕೊಳವೆಗೆ ಒತ್ತಿಕೊಂಡಿದ್ದರೂ ನಡೆಯುತ್ತದೆ. ಇಲ್ಲದಿದ್ದರೆ ಎಳೆಯುವುದನ್ನು ನಿಲ್ಲಿಸಿದ ಮೇಲೂ ರೋಲು ತಿರುಗುತ್ತಲೇ ಇದ್ದು ಬಟ್ಟೆಯನ್ನು ನೆಲಕ್ಕೆ ಸುರಿಯುತ್ತದೆ.

ಕೆಲವು ಸ್ಟ್ಯಾಂಡುಗಳಲ್ಲಿ ಅಳೆಯಲು ಪಟ್ಟಿಯ ಬದಲು ಚಕ್ರ ಇರುತ್ತದೆ. ಚಕ್ರದ ಸುತ್ತಳತೆ 20 ಸೆಂಟಿಮೀಟರ್ ಆದರೆ 5 ಸುತ್ತಿಗೆ 1 ಮೀಟರ್. ನುಣುಪು ಬಟ್ಟೆ ಜಾರಿದರೆ ಚಕ್ರ ಕಡಿಮೆ ತಿರುಗುತ್ತದೆ, ಗಿರಾಕಿಗೆ ಲಾಭ. ಬಟ್ಟೆ ಎಳೆದುಕೊಂಡು ಬಂದರೆ ಅಂಗಡಿಗೆ ಲಾಭ.

ರೋಲಿನಲ್ಲಿ ನನಗೆ ತುಂಬಾ ಇಷ್ಟವಾದ ಇನ್ನೊಂದು ಲೆಕ್ಕ ಇದೆ. ಪೂರ್ತಿ ರೋಲಿನ ಅಡ್ಡಳತೆ 20 ಸೆಂಟಿಮೀಟರ್, ಒಳಗಿನ ಕೊಳವೆಯದು 4. ಬಟ್ಟೆಯ ದಪ್ಪ ಅರ್ಧ ಮಿಲಿಮೀಟರ್. ಅಂದರೆ ಕೊಳವೆಯ ಮೇಲೆ 8 ಸೆಂಟಿಮೀಟರ್ ದಪ್ಪಕ್ಕೆ 160 ಸುತ್ತು, ಒಟ್ಟು ಸುಮಾರು 60 ಮೀಟರ್ ಬಟ್ಟೆ. ಮಾರಾಟವಾಗುತ್ತಾ ಆಗುತ್ತಾ ಬಟ್ಟೆಯ ದಪ್ಪ 4 ಸೆಂಟಿಮೀಟರಿಗೆ ಇಳಿಯಿತು. ಕಣ್ಣಿಗೆ ಅರ್ಧ ರೋಲು ಉಳಿದ ಹಾಗೆ ಕಾಣುತ್ತದೆ, 30 ಮೀಟರ್ ಇರಬೇಕು ಅನಿಸುತ್ತದೆ, ಅಲ್ವಾ? ಇರುವುದು 20 ಮೀಟರ್ ಮಾತ್ರ. ಹೊರಗಿನ ಒಂದು ಸುತ್ತಿನಲ್ಲಿ 63 ಸೆಂಟಿಮೀಟರ್ ಬಟ್ಟೆ ಇದ್ದರೆ, ಕೊಳವೆಗೆ ಅಂಟಿದ ಸುತ್ತಿನಲ್ಲಿ ಬರೀ 13. ಸುತ್ತುಗಳ ಲೆಕ್ಕದಲ್ಲಿ ಅರ್ಧ, ಉದ್ದದ ಲೆಕ್ಕದಲ್ಲಿ ಮೂರನೇ ಒಂದು ಭಾಗ. ಮದುವೆ ಮನೆಯವರು ಒಂದೇ ಬಣ್ಣದ 25 ಮೀಟರ್ ಕೇಳಿದಾಗ ಅರ್ಧ ರೋಲು ನೋಡಿ "ಕೊಡುವ, ಉಂಟು" ಎಂದು ಮಾತು ಕೊಟ್ಟರೆ ತೊಂದರೆ. ಮಿಲ್ಲಿನಿಂದ ಮೀಟರಿಗೊಂದು ಮಡಿಕೆ ಹಾಕಿ ಬರುತ್ತಿದ್ದ ಥಾನಿನಲ್ಲಿ ಈ ಸಮಸ್ಯೆ ಇರಲಿಲ್ಲ. ಮಡಿಕೆ ಎಣಿಸಿದರೆ ಆಯಿತು.

ಕತ್ತರಿಸುವುದರಲ್ಲೂ ಒಂದು ಸೂಕ್ಷ್ಮ ಇದೆ. ಮೇಜಿನಲ್ಲಿ ಅಡ್ಡಕ್ಕೆ ಒಂದು ಉದ್ದನೆಯ ಸೀಳು ಇದ್ದರೆ ಕತ್ತರಿ ಅದರಲ್ಲೇ ಓಡುತ್ತದೆ, ಅಂಚಿಗೆ ಸರಿಯಾಗಿ ಅಡ್ಡ ಗೆರೆ ಬರುತ್ತದೆ. ಹಳಬರು ಕಾಟನ್ ಬಟ್ಟೆಗೆ ಹೀಗೆ ಮಾಡುವುದಿಲ್ಲ. ಅಂಚಿನಲ್ಲಿ ಒಂದು ಕಚ್ಚು ಹಾಕಿ ಟರ್ರನೆ ಹರಿಯುತ್ತಾರೆ. ಎಳೆತವೆಲ್ಲ ಕಚ್ಚಿನ ತುದಿಯ ನೂಲಿನ ಮೇಲೆ ಬೀಳುತ್ತದೆ, ಅದು ಕಡಿಯುತ್ತದೆ, ಮುಂದಿನದಕ್ಕೆ ಹೋಗುತ್ತದೆ. ಹಾಗಾಗಿ ಹರಿದ ಗೆರೆ ಹೊಕ್ಕಿನ ನೂಲು ಹಿಡಿದೇ ಸಾಗುತ್ತದೆ. ಫಿನಿಶಿಂಗ್ ಮಾಡುವಾಗ ಬಟ್ಟೆ ಓರೆಯಾಗಿದ್ದರೆ ಕತ್ತರಿಯ ಗೆರೆಯೂ ನೂಲಿನ ಗೆರೆಯೂ ಹೊಂದುವುದಿಲ್ಲ. ಕತ್ತರಿ ಅದನ್ನು ಮುಚ್ಚಿಡುತ್ತದೆ, ಹರಿದರೆ ಗೊತ್ತಾಗುತ್ತದೆ. ಬನಿಯನ್ ಬಟ್ಟೆಯನ್ನು ಮಾತ್ರ ಹೀಗೆ ನೇರವಾಗಿ ಹರಿಯಲಾಗದು.

ಹೊಸ ಬಟ್ಟೆ ಒಗೆದಾಗ ಕುಗ್ಗುವುದಕ್ಕೂ ಬಹುಪಾಲು ಈ ಎಳೆತವೇ ಕಾರಣ. ಮಗ್ಗದಲ್ಲಿ, ಮಿಲ್ಲಿನಲ್ಲಿ ಎಳೆಸಿಕೊಂಡದ್ದನ್ನು ನೀರು ಬಿದ್ದಾಗ ಬಟ್ಟೆ ಬಿಟ್ಟುಕೊಡುತ್ತದೆ. 1930ರ ಹೊತ್ತಿಗೆ ಅಮೆರಿಕದ ಸ್ಯಾನ್‌ಫರ್ಡ್ ಕ್ಲುಯೆಟ್ ಇದಕ್ಕೊಂದು ಉಪಾಯ ಹುಡುಕಿದರು. ಹಿಗ್ಗಿದ ದಪ್ಪ ರಬ್ಬರ್ ಬೆಲ್ಟಿಗೆ ಒದ್ದೆ ಬಟ್ಟೆಯನ್ನು ಒತ್ತಿ, ಬೆಲ್ಟು ಕುಗ್ಗುವಾಗ ಬಟ್ಟೆಯೂ ಕುಗ್ಗುವಂತೆ ಮಾಡುವುದು. ಥಾನಿನ ಅಂಚಿನಲ್ಲಿ "ಸ್ಯಾನ್‌ಫರೈಸ್ಡ್" ಎಂಬ ಅಚ್ಚು ನೋಡಿದವರಿಗೆ ನೆನಪಾಗಬಹುದು. ಅದು ಅವರ ಹೆಸರೇ.

ಮುಂದಿನ ವಾರ ನಾವು ಅದೇ ಅಂಗಡಿಗೆ ಹೋದೆವು. ಅತ್ತಿಗೆ ಜಗಳ ಮಾಡಲಿಲ್ಲ. "ಸ್ವಲ್ಪ ಎಳೆದು, ಬಟ್ಟೆಗೆ ಗುರುತು ಹಾಕಿ, ಮೇಜಿನ ಮೇಲೆ ಸುಮ್ನೆ ಬಿಡಿ ಮಾರಾಯ್ರೆ" ಅಂದರು. ಹುಡುಗ ಮೊದಲಿನ ಹಾಗೇ ಎಳೆದು, ಪಟ್ಟಿಯ 1 ಮೀಟರ್ ಗೆರೆಯ ನೇರಕ್ಕೆ ಬಟ್ಟೆಯ ಮೇಲೆ ಚಾಕ್‌ನಿಂದ ಗೀಟು ಹಾಕಿ, ಕೈಬಿಟ್ಟ. ನಾವು ಲೈನಿಂಗ್ ಬಟ್ಟೆಯ ಬಣ್ಣ ಆರಿಸಿ ಬರುವಷ್ಟರಲ್ಲಿ ಆ ಗೀಟು ಪಟ್ಟಿಯ ಗೆರೆಯಿಂದ ಎರಡು ಬೆರಳು ಹಿಂದೆ ಬಂದಿತ್ತು. ಧಣಿಗಳು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಆಮೇಲೆ ಹುಡುಗನ ಕೈಯಿಂದ ಬಟ್ಟೆ ತಗೊಂಡು, ರೋಲನ್ನು ಇನ್ನೊಂದು ಕೈಯಲ್ಲಿ ತಿರುಗಿಸುತ್ತಾ, ಅವರೇ ಮೆಲ್ಲಗೆ ಬಿಚ್ಚತೊಡಗಿದರು.