ಸೊಲ್ಲಾಪುರಕ್ಕೆ ಒಂದೇ ದಿನವಿದ್ದರೆ

ಪಂಢರಪುರ, ತುಳಜಾಪುರ, ಅಕ್ಕಲಕೋಟ, ಗಾಣಗಾಪುರ ಎಂದು ಕರ್ನಾಟಕದಿಂದ ಹೊರಡುವ ಯಾತ್ರೆಯ ಬಸ್ಸುಗಳ ಕರಪತ್ರದಲ್ಲಿ ಸೊಲ್ಲಾಪುರದ ಹೆಸರು ಇದ್ದೇ ಇರುತ್ತದೆ. ಬಹಳ ಕಾಲ ಅದು ಬರೀ ‘ರಾತ್ರಿ ವಸತಿ’ಯ ಊರಾಗಿತ್ತು. ಈಗೀಗ ಕೆಲವರು ‘ಒಂದು ದಿನ ಸೊಲ್ಲಾಪುರ ದರ್ಶನ’ ಎಂದು ಸೇರಿಸುತ್ತಿದ್ದಾರೆ. ಇದೇ ಊರಲ್ಲಿ ಹುಟ್ಟಿ, ಹೊರಗಿನಿಂದ ಬರುವ ತಂಡಗಳಿಗೆ ವಸತಿ, ಊಟ, ಗಾಡಿ ಹೊಂದಿಸಿಕೊಟ್ಟು ಊರು ತೋರಿಸುವ ಕಸುಬು ಮಾಡುವ ನನಗೆ ಇದು ನಿಜಕ್ಕೂ ಸಂತೋಷದ ಮಾತು. ಆದರೆ ಆ ಒಂದು ದಿನದ ಪಟ್ಟಿ ಕೈಗೆ ಬಂದಾಗ ಸಂಕಟವಾಗುತ್ತದೆ. ಬೆಳಿಗ್ಗೆ ತುಳಜಾಪುರ, ಮಧ್ಯಾಹ್ನ ಸಿದ್ಧೇಶ್ವರ ಗುಡಿ, ಕೋಟೆ, ಚಾದರ ಖರೀದಿ, ಸಂಜೆ ಅಕ್ಕಲಕೋಟ. ತುಳಜಾಪುರ ಉತ್ತರಕ್ಕೆ ಸುಮಾರು 45 ಕಿ.ಮೀ., ಅಕ್ಕಲಕೋಟ ಆಗ್ನೇಯಕ್ಕೆ ಸುಮಾರು 40 ಕಿ.ಮೀ. ಹೀಗೆ ತಿರುಗಿದವರು ಊರಿಗೆ ಹೋಗಿ ‘ಸೊಲ್ಲಾಪುರದಾಗ ಏನೂ ಇಲ್ರಿ, ಬರೇ ಬಿಸಲು’ ಅನ್ನುತ್ತಾರೆ. ಅವರು ಕಂಡದ್ದೇ ಅಷ್ಟು, ಪಾಪ.

ತಂಡದ ಪ್ರವಾಸದಲ್ಲಿ ದಿನ ಎಲ್ಲಿ ಸೋರಿಹೋಗುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕಬೇಕು. 45 ಸೀಟಿನ ಬಸ್ಸು, ಇಳಿಯಲು ಒಂದೇ ಬಾಗಿಲು. ಮೊಣಕಾಲು ನೋವಿನ ಹಿರಿಯರು ಐದಾರು ಮಂದಿ ಇದ್ದೇ ಇರುತ್ತಾರೆ. ಎಲ್ಲರೂ ಇಳಿಯಲು 10 ನಿಮಿಷ, ಚಪ್ಪಲಿ ಬಿಟ್ಟು, ಶೌಚಾಲಯ ಎಲ್ಲಿ ಎಂದು ಕೇಳಿ ಹೋಗಿಬರಲು ಇನ್ನೊಂದು 10. ಹೊರಡುವಾಗ ತಲೆ ಎಣಿಸಿದರೆ ಇಬ್ಬರು ಕಡಿಮೆ. ಅವರನ್ನು ಹುಡುಕಿ ತರುವುದರೊಳಗೆ ಮತ್ತಿಬ್ಬರು ಚಹಾ ಕುಡಿಯಲು ಇಳಿದಿರುತ್ತಾರೆ. ಒಂದು ನಿಲುಗಡೆಗೆ ಅರ್ಧ ತಾಸು ಹೀಗೇ ಹೋಯಿತು. ಪಟ್ಟಿಯಲ್ಲಿ ಎಂಟು ಜಾಗಗಳಿದ್ದರೆ ನಾಲ್ಕು ತಾಸು ಬಸ್ಸಿನ ಮೆಟ್ಟಿಲ ಮೇಲೆಯೇ ಕಳೆಯಿತು. ಆದ್ದರಿಂದ ನಾನು ಪಟ್ಟಿ ಮಾಡುವಾಗ ಜಾಗಗಳನ್ನು ಎಣಿಸುವುದಿಲ್ಲ, ಬಸ್ಸು ಎಷ್ಟು ಸಲ ನಿಲ್ಲುತ್ತದೆ ಎಂದು ಎಣಿಸುತ್ತೇನೆ. ಒಂದು ದಿನಕ್ಕೆ ಮೂರು ಸಲ ಸಾಕು, ಹೆಚ್ಚೆಂದರೆ ನಾಲ್ಕು.

ಈ ಲೆಕ್ಕಕ್ಕೆ ಸೊಲ್ಲಾಪುರದಷ್ಟು ಅನುಕೂಲದ ಊರು ಸಿಗುವುದು ಕಷ್ಟ. ಸಿದ್ಧೇಶ್ವರ ಗುಡಿ, ಕೆರೆ, ಭುಯಿಕೋಟ ಕಿಲ್ಲೆ ಮೂರೂ ಒಂದಕ್ಕೊಂದು ಅಂಟಿಕೊಂಡೇ ಇವೆ. ಬಸ್ಸನ್ನು ಒಂದು ಕಡೆ ಬಿಟ್ಟರೆ ಮೂರು ತಾಸು ಅದನ್ನು ಮರೆತುಬಿಡಬಹುದು. ನಡೆಯಲಾಗದವರು ಕೆರೆಯ ದಂಡೆಯಲ್ಲೇ ಕೂತು ನೀರು ನೋಡಿಕೊಂಡಿರಬಹುದು. ಅವರಿಗೋಸ್ಕರ ತಂಡ ಅವಸರ ಮಾಡಬೇಕಿಲ್ಲ, ತಂಡಕ್ಕೋಸ್ಕರ ಅವರು ಕಾಲೆಳೆಯಬೇಕಿಲ್ಲ.

ಗುಡಿಗೆ ಬೆಳಗಿನ ಏಳರೊಳಗೆ ಹೋಗಬೇಕು. ಜನ ಕಡಿಮೆ, ಕಲ್ಲು ಇನ್ನೂ ತಣ್ಣಗಿರುತ್ತದೆ. ಕನ್ನಡಿಗರಿಗೆ ನಾನು ಒಳಗೆ ಕರೆದೊಯ್ಯುವ ಮೊದಲೇ ಒಂದು ಮಾತು ಹೇಳುತ್ತೇನೆ: ಇದು ಸೊನ್ನಲಿಗೆ. ಶಾಲೆಯಲ್ಲಿ ‘ಕಪಿಲಸಿದ್ಧಮಲ್ಲಿಕಾರ್ಜುನ’ ಎಂಬ ಅಂಕಿತ ಓದಿದವರು, 12ನೇ ಶತಮಾನದ ಆ ವಚನಕಾರ ಸಿದ್ಧರಾಮರ ಊರು ಇದೇ ಎಂದು ತಿಳಿದಾಗ ಗಕ್ಕನೆ ನಿಂತುಬಿಡುತ್ತಾರೆ. ದಾವಣಗೆರೆ ಕಡೆಯಿಂದ ಬಂದ ನಿವೃತ್ತ ಶಿಕ್ಷಕಿಯೊಬ್ಬರು ‘ನಲವತ್ತು ವರ್ಷ ಪಾಠ ಮಾಡೀನಿ, ಸೊನ್ನಲಿಗೆ ಅಂದ್ರ ಸೊಲ್ಲಾಪುರ ಅಂತ ಗೊತ್ತಿತ್ತು, ಆದ್ರ ಇಲ್ಲಿ ಬಂದು ನಿಲ್ತೀನಿ ಅಂತ ಅನ್ಕೊಂಡಿರ್ಲಿಲ್ಲ’ ಎಂದು ಅಲ್ಲೇ ಕೂತುಬಿಟ್ಟರು. ಆಕೆಯ ಜೊತೆಗಿದ್ದವರು ಕೋಟೆ ನೋಡಿ ಬರುವವರೆಗೂ ಆಕೆ ಏಳಲಿಲ್ಲ. ಆ ದಿನ ತಂಡದಲ್ಲಿ ಊರನ್ನು ಎಲ್ಲರಿಗಿಂತ ಚೆನ್ನಾಗಿ ನೋಡಿದವರು ಆಕೆ ಎಂದೇ ನನ್ನ ಭಾವನೆ.

ಸಿದ್ಧರಾಮರು ಕೆರೆ ಕಟ್ಟಿಸುವ ಕಾಯಕದಲ್ಲಿದ್ದಾಗ ಅಲ್ಲಮಪ್ರಭುಗಳು ಇಲ್ಲಿಗೆ ಬಂದರು, ಕಲ್ಯಾಣಕ್ಕೆ ಕರೆದುಕೊಂಡು ಹೋದರು, ಅಲ್ಲಿ ಚೆನ್ನಬಸವಣ್ಣನವರಿಂದ ದೀಕ್ಷೆಯಾಯಿತು ಎಂಬುದು ಶರಣರ ಚರಿತ್ರೆಯಲ್ಲಿ ಬರುವ ಕಥೆ. ಕಣ್ಣೆದುರು ಕೆರೆ ಇಟ್ಟುಕೊಂಡು ಈ ಕಥೆ ಕೇಳುವುದಕ್ಕೂ ಬಸ್ಸಿನ ಮೈಕಿನಲ್ಲಿ ಕೇಳುವುದಕ್ಕೂ ಅಜಗಜಾಂತರ. ಅವರ ಸಮಾಧಿ ಈ ಗುಡಿಯ ಆವರಣದಲ್ಲೇ ಇದೆ. ಊರಿನ ಸುತ್ತ ಅವರು ಸ್ಥಾಪಿಸಿದರೆಂದು ಹೇಳುವ 68 ಲಿಂಗಗಳಿವೆ. ಅವನ್ನೆಲ್ಲ ಒಂದು ದಿನದಲ್ಲಿ ನೋಡುವ ಹಟ ಬೇಡ.

ಕೋಟೆಗೆ ಒಂದು ತಾಸು ಸಾಕು. ಬಹಮನಿ ಕಾಲದ್ದು, ಎರಡು ಸುತ್ತಿನ ಗೋಡೆ, ಸುತ್ತ ಕಂದಕ. ವಿಜಯಪುರದ ಗೋಲಗುಮ್ಮಟ ನೋಡಿಕೊಂಡು ಬಂದವರಿಗೆ ಇಲ್ಲಿ ಒಂದು ಕೊಂಡಿ ಸಿಗುತ್ತದೆ. ಈ ಕೋಟೆಗಾಗಿ ಅದೇ ವಿಜಯಪುರದ ಆದಿಲಶಾಹಿಗೂ ಅಹಮದನಗರದ ನಿಜಾಮಶಾಹಿಗೂ ವರ್ಷಗಟ್ಟಲೆ ಜಗಳ ನಡೆಯಿತು. 1565ರ ತಾಳಿಕೋಟೆ ಯುದ್ಧಕ್ಕೆ ಮುಂಚೆ ಎರಡೂ ಮನೆತನಗಳು ಒಂದಾದಾಗ, ಅಹಮದನಗರದ ಚಾಂದಬೀಬಿಯನ್ನು ಮೊದಲನೆಯ ಅಲಿ ಆದಿಲಶಹನಿಗೆ ಕೊಟ್ಟು, ಬಳುವಳಿಯಾಗಿ ಸೊಲ್ಲಾಪುರದ ಕೋಟೆಯನ್ನೇ ಬಿಟ್ಟುಕೊಟ್ಟರು. ಮಕ್ಕಳಿರುವ ತಂಡಕ್ಕೆ ಈ ಒಂದು ಸಂಗತಿ ಹೇಳಿ ಬಿಟ್ಟರೆ ಕೋಟೆಯನ್ನು ಅವರೇ ಓಡಾಡಿ ನೋಡುತ್ತಾರೆ.

ಹತ್ತೂವರೆಗೆಲ್ಲ ಬಿಸಿಲು ಏರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಹನ್ನೆರಡರಿಂದ ನಾಲ್ಕರವರೆಗೆ ಬಯಲಲ್ಲಿ ಯಾರನ್ನೂ ನಿಲ್ಲಿಸಬಾರದು. ಈ ಹೊತ್ತಿಗೆ ನೆರಳಿನ ಕೆಲಸ ಇಟ್ಟುಕೊಳ್ಳಬೇಕು. ಭೈಯಾ ಚೌಕದ ಹತ್ತಿರ ಡಾ. ದ್ವಾರಕಾನಾಥ ಕೋಟ್ನಿಸ್ ಅವರ ಸ್ಮಾರಕವಿದೆ. 1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಈ ವೈದ್ಯರು, 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ ಭಾರತ ಕಳಿಸಿದ ಐವರು ವೈದ್ಯರಲ್ಲಿ ಒಬ್ಬರು. ಗಾಯಾಳುಗಳ ಆರೈಕೆ ಮಾಡುತ್ತ 1942ರಲ್ಲಿ ಅಲ್ಲೇ ತೀರಿಕೊಂಡರು, ವಯಸ್ಸು 32. ಸಣ್ಣ ಜಾಗ. 45 ಮಂದಿ ಒಮ್ಮೆಲೇ ನುಗ್ಗಿದರೆ ಯಾರಿಗೂ ಏನೂ ಕಾಣುವುದಿಲ್ಲ, ಎರಡು ಗುಂಪು ಮಾಡಿ ಬಿಡಿ. ಊರೊಳಗೆ ಹೋಗುವಾಗ ನಾಲ್ವರು ಹುತಾತ್ಮರ ಪ್ರತಿಮೆಗಳನ್ನು ಬಸ್ಸಿನಿಂದಲೇ ತೋರಿಸಿ, ಹೆಸರು ಮಾತ್ರ ತಪ್ಪದೆ ಹೇಳಿ: ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂಧೆ. 1930ರ ಮೇ ತಿಂಗಳಲ್ಲಿ ಇಲ್ಲಿ ಬ್ರಿಟಿಷರು ಮಾರ್ಷಲ್ ಲಾ (ಸೈನ್ಯದ ಆಡಳಿತ) ಹೇರಿದರು. ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು.

ಊಟದ ಬಗ್ಗೆ ನನ್ನದು ಸ್ವಲ್ಪ ಹಟವಿದೆ. ಯಾತ್ರೆಯ ಬಸ್ಸುಗಳಲ್ಲಿ ಅಡುಗೆಯವರೂ ಸಿಲಿಂಡರೂ ಜೊತೆಗೇ ಬರುತ್ತವೆ, ದಿನವೂ ಅನ್ನ-ಸಾರು. ಸೊಲ್ಲಾಪುರದ ದಿನ ಅಡುಗೆಯವರಿಗೆ ರಜೆ ಕೊಡಿ. ಖಾನಾವಳಿಗೆ ಹಿಂದಿನ ಸಂಜೆಯೇ ಫೋನ್ ಮಾಡಿ ಎಷ್ಟು ಮಂದಿ ಎಂದು ಹೇಳಿ, ಎರಡು ಪಂಕ್ತಿ ಮಾಡಿಕೊಳ್ಳಿ. ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಎಣ್ಣೆಗಾಯಿ. ಇಲ್ಲಿಯ ಶೇಂಗಾ ಚಟ್ನಿಯನ್ನು ಒರಳಿನಲ್ಲಿ ಕುಟ್ಟುತ್ತಾರೆ, ಶೇಂಗಾದ ಎಣ್ಣೆ ಬಿಟ್ಟುಕೊಂಡು ಕೆಂಪಗೆ ಒತ್ತೊತ್ತಾಗಿ ಬರುತ್ತದೆ. ಪುಡಿಪುಡಿಯಾಗಿ ಉದುರುವುದನ್ನು ಯಾರಾದರೂ ‘ಅಸಲಿ’ ಎಂದು ಕೊಟ್ಟರೆ ತೊಗೋಬೇಡಿ. ಡಿಸೆಂಬರ್-ಜನವರಿಯಲ್ಲಿ ಬಂದವರಿಗೆ ಹೊಲದಲ್ಲಿ ಸುಟ್ಟ ಸೀತನಿಯೂ (ಹಸಿ ಜೋಳದ ತೆನೆಯ ಕಾಳು) ಸಿಗುತ್ತದೆ. ಸಿಕ್ಕರೆ ಒಂದು ನಿಲುಗಡೆಯನ್ನು ಅದಕ್ಕೇ ಮೀಸಲಿಡಿ.

ಇನ್ನು ಚಾದರ. ಸೊಲ್ಲಾಪುರದ ಚಾದರಕ್ಕೆ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ, ಆ ಹೆಸರಿಟ್ಟುಕೊಂಡು ಎಲ್ಲೆಲ್ಲಿಯದೋ ಮಾಲು ಮಾರುವವರೂ ಇದ್ದಾರೆ. ಬಸ್ಸು ನಿಲ್ಲಿಸಿದ ಅಂಗಡಿಯಿಂದ ಡ್ರೈವರಿಗೋ ಗೈಡಿಗೋ ಕಮಿಷನ್ ಹೋಗುತ್ತದೆ, ಇದು ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ಪ್ರವಾಸಿಗರಿಗೂ ಗೊತ್ತಿರಲಿ. ಹಾಗೆಂದು ಆ ಅಂಗಡಿಯ ಮಾಲು ಕೆಟ್ಟದ್ದೇ ಇರಬೇಕೆಂದಿಲ್ಲ, ನೋಡುವ ಕಣ್ಣು ನಿಮ್ಮದಾಗಿರಬೇಕು. ಚಾದರವನ್ನು ಪೂರ್ತಿ ಬಿಚ್ಚಿಸಿ, ತಿರುಗಿಸಿ ನೋಡಿ. ಜಕಾರ್ಡ್ ಮಗ್ಗದ ನೇಯ್ಗೆಯಲ್ಲಿ ಮೇಲೆ ಕಂಡ ಹೂವು ಹಿಂಬದಿಯಲ್ಲೂ ಕಾಣುತ್ತದೆ, ಬಣ್ಣ ಮಾತ್ರ ಅದಲುಬದಲು: ಮೇಲೆ ಕೆಂಪು ನೆಲಕ್ಕೆ ಬಿಳಿ ಹೂವಿದ್ದರೆ ಕೆಳಗೆ ಬಿಳಿ ನೆಲಕ್ಕೆ ಕೆಂಪು. ಹಿಂಬದಿ ಬೋಳಾಗಿ, ಹೂವು ಅಚ್ಚೊತ್ತಿದಂತಿದ್ದರೆ ಅದನ್ನು ಮಡಿಚಿ ವಾಪಸ್ ಕೊಡಿ. ಬಿಳಿ ಕರವಸ್ತ್ರವನ್ನು ಒದ್ದೆ ಮಾಡಿ ಗಾಢ ಬಣ್ಣದ ಮೇಲೆ ಜೋರಾಗಿ ಉಜ್ಜಿ. ಅದಕ್ಕೆ ಬಣ್ಣ ಹತ್ತಿದರೆ ಮನೆಯಲ್ಲಿ ಒಗೆಯುವಾಗಲೂ ಬಿಡುತ್ತದೆ. ಅಂಚಿನ ಒಂದು ಎಳೆ ಕಿತ್ತು ಸುಡಲು ಅಂಗಡಿಯವರು ಒಪ್ಪಿದರೆ ಇನ್ನೂ ಒಳ್ಳೆಯದು: ಹತ್ತಿಯಾದರೆ ಕಾಗದ ಸುಟ್ಟಂತೆ ಬೂದಿಯಾಗುತ್ತದೆ, ಸಿಂಥೆಟಿಕ್ ಬೆರೆತಿದ್ದರೆ ಕರಗಿ ತುದಿಯಲ್ಲಿ ಗಟ್ಟಿ ಗುಳಿಗೆ ಕಟ್ಟುತ್ತದೆ.

ಖರೀದಿಯನ್ನು ಕೊನೆಯ ನಿಲುಗಡೆಗೆ ಇಡಿ. ಬೆಳಿಗ್ಗೆಯೇ ಕೊಂಡರೆ ಕಾಲಿಡುವ ಜಾಗದಲ್ಲೆಲ್ಲ ಚಾದರದ ಗಂಟು ತುಂಬಿ ದಿನವಿಡೀ ಕಾಲು ಮಡಿಚಿಕೊಂಡೇ ಕೂಡಬೇಕಾಗುತ್ತದೆ. ಪುರುಸೊತ್ತಿದ್ದರೆ ಊರಿನ ಪೂರ್ವ ಭಾಗಕ್ಕೆ ಹೋಗಿ. ತೆಲುಗು ಮಾತಾಡುವ ಪದ್ಮಶಾಲಿ ನೇಕಾರರ ಓಣಿಗಳು ಅಲ್ಲಿವೆ, ಪವರ್‌ಲೂಮಿನ ಸದ್ದು ರಸ್ತೆಗೇ ಕೇಳುತ್ತದೆ. ಮೊದಲೇ ಕೇಳಿಕೊಂಡರೆ ಕೆಲವರು ಒಳಗೆ ಬಿಟ್ಟು ತೋರಿಸುತ್ತಾರೆ. ಹತ್ತು-ಹನ್ನೆರಡು ಮಂದಿಗಿಂತ ಹೆಚ್ಚು ಹೋಗಬಾರದು, ಸೀರೆಯ ಸೆರಗು, ದುಪಟ್ಟಾ ಬಿಗಿಯಾಗಿ ಕಟ್ಟಿಕೊಳ್ಳಬೇಕು.

ಸಂಜೆಗೆ ಹತ್ತರಸಂಗ ಕೂಡಲಕ್ಕೆ ಹೋಗಬಹುದೇ ಎಂದು ಸಾಕಷ್ಟು ಜನ ಕೇಳುತ್ತಾರೆ. ಸುಮಾರು 40 ಕಿ.ಮೀ. ದೂರ, ಭೀಮಾ-ಸೀನಾ ನದಿಗಳ ಸಂಗಮ. ಬಸವಣ್ಣನವರ ಕೂಡಲಸಂಗಮ ಬೇರೆ, ಅದು ಕೃಷ್ಣಾ-ಮಲಪ್ರಭೆಯ ಸಂಗಮದಲ್ಲಿದೆ. ಎರಡನ್ನೂ ಒಂದೇ ಎಂದುಕೊಂಡು ಬಂದವರನ್ನು ನಾನು ಕಂಡಿದ್ದೇನೆ. ಇಲ್ಲಿ 359 ಮುಖಗಳನ್ನು ಕೆತ್ತಿದ ಲಿಂಗವಿದೆ, ಶಕ 940ರ, ಅಂದರೆ 1018ರ, ಮರಾಠಿಯ ಅತಿ ಹಳೆಯ ಶಾಸನಗಳಲ್ಲೊಂದು ಇದೆ. ನನ್ನ ಪ್ರಕಾರ ಟೆಂಪೋ ಟ್ರಾವೆಲರಿನಲ್ಲಿ ಬಂದ ಹದಿನೈದು ಮಂದಿಯ ತಂಡ ಇದಕ್ಕೆ ಖಂಡಿತ ಹೋಗಬೇಕು, ಖರೀದಿ ಬಿಟ್ಟಾದರೂ ಹೋಗಬೇಕು. ದೊಡ್ಡ ಬಸ್ಸಿನವರು ಬೇಡ. ಕತ್ತಲಾಗುವುದರೊಳಗೆ ಎಲ್ಲರನ್ನೂ ಇಳಿಸಿ, ತೋರಿಸಿ, ಹತ್ತಿಸುವುದು ಆಗದ ಮಾತು.

ಜನವರಿ ಸಂಕ್ರಾಂತಿಯ ಆಸುಪಾಸಿನಲ್ಲಿ ಬರುವವರಿಗೆ ಮೇಲಿನ ಯಾವ ಪಟ್ಟಿಯೂ ಬೇಡ. ಅದು ಸಿದ್ಧೇಶ್ವರರ ಗಡ್ಡಾ ಜಾತ್ರೆ. ಬಿಳಿ ಬಾರಾಬಂದಿ (ಲಾಡಿ ಕಟ್ಟುವ ಹಳೇ ರೀತಿಯ ಅಂಗಿ) ತೊಟ್ಟ ಭಕ್ತರು ಏಳು ನಂದಿಧ್ವಜಗಳನ್ನು ಹೊತ್ತು ನಡೆಯುತ್ತಾರೆ, 68 ಲಿಂಗಗಳಿಗೆ ಎಣ್ಣೆಮಜ್ಜನ, ಮರುದಿನ ಸಮ್ಮತಿ ಕಟ್ಟೆಯ ಬಳಿ ಅಕ್ಷತೆ, ಆಮೇಲೆ ಹೋಮ. ಸಿದ್ಧರಾಮರನ್ನೇ ಮದುವೆಯಾಗಬೇಕೆಂದ ಕುಂಬಾರರ ಹುಡುಗಿಗೆ ಅವರ ಯೋಗದಂಡದ ಜೊತೆ ಮದುವೆಯಾಯಿತು ಎಂಬ ನಂಬಿಕೆಯ ಮೇಲೆ ಈ ಅಕ್ಷತೆ ನಡೆಯುತ್ತದೆ. ಬಸ್ಸನ್ನು ಊರ ಹೊರಗೇ ಬಿಟ್ಟು, ಒಂದು ಕಡೆ ಜಾಗ ಹಿಡಿದು ನಿಲ್ಲಿ. ಆ ದಿನಕ್ಕೆ ಒಂದೇ ನಿಲುಗಡೆ.

ತಂಡದಲ್ಲಿ ಬಂದ ಮಾತ್ರಕ್ಕೆ ಎಲ್ಲಕ್ಕೂ ತಂಡದ ಜೊತೆಗೇ ಇರಬೇಕೆಂಬ ಕಟ್ಟುಪಾಡಿಲ್ಲ. ನಿಮಗೆ ಕೆರೆಯ ದಂಡೆ ಹಿಡಿಸಿದರೆ ಮ್ಯಾನೇಜರಿಗೆ ‘ನಾವಿಬ್ರು ಇಲ್ಲೇ ಇರ್ತೀವ್ರಿ, ಊಟದ ಹೊತ್ತಿಗೆ ರಿಕ್ಷಾದಾಗ ಬರ್ತೀವಿ’ ಎಂದು ಮುಂಚೆಯೇ ಹೇಳಿ. ಹೇಳಿ ಉಳಿದವರಿಂದ ತಂಡಕ್ಕೆ ತೊಂದರೆಯಿಲ್ಲ, ಹೇಳದೆ ಹಿಂದುಳಿದವರಿಂದಲೇ ತೊಂದರೆ. ಇಬ್ಬರಿಗಿಂತ ಕಡಿಮೆ ಬೇಡ. ಮ್ಯಾನೇಜರ್ ಮತ್ತು ಡ್ರೈವರ್ ಇಬ್ಬರ ಫೋನ್ ನಂಬರ್, ಊಟದ ಜಾಗದ ಹೆಸರು ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಮೊಬೈಲ್ ಬ್ಯಾಟರಿ ನೆಚ್ಚಬೇಡಿ. ಭಾಷೆಯ ಚಿಂತೆ ಬೇಡ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ ತಾಲೂಕುಗಳ ತುಂಬ ಕನ್ನಡ ಮಾತಾಡುವ ಹಳ್ಳಿಗಳಿವೆ. ಗುಡಿಯ ಮುಂದೆ ಹೂವು ಮಾರುವವರು, ರಿಕ್ಷಾದವರು ನಿಮ್ಮ ಮಾತು ಕೇಳಿದ ಕೂಡಲೇ ‘ಯಾವೂರ್ರಿ ಅಕ್ಕಾರ’ ಎಂದು ತಾವೇ ಕನ್ನಡಕ್ಕೆ ತಿರುಗುತ್ತಾರೆ. ಅವರಿಗೆ ಎರಡು ನಿಮಿಷ ಕೊಡಿ, ಊರಿನ ಸುದ್ದಿ ಗೈಡಿಗಿಂತ ಅವರ ಹತ್ತಿರ ಹೆಚ್ಚು ಸಿಗುತ್ತದೆ.

ಮುಂಗಡ ಹಣ ಕಟ್ಟುವ ಮುನ್ನ ಪ್ರವಾಸದವರಿಗೆ ಫೋನ್ ಮಾಡಿ ಇಷ್ಟು ಕೇಳಿ: ಸೊಲ್ಲಾಪುರದ ದಿನ ಬಸ್ಸು ಎಷ್ಟು ಕಡೆ ನಿಲ್ಲುತ್ತದೆ, ಸಿದ್ಧೇಶ್ವರ ಗುಡಿಗೆ ಎಷ್ಟು ಗಂಟೆಗೆ ಮುಟ್ಟುತ್ತೇವೆ, ಮಧ್ಯಾಹ್ನ ಎರಡರ ಬಿಸಿಲಲ್ಲಿ ನಾವು ಎಲ್ಲಿರುತ್ತೇವೆ. ಮೂರಕ್ಕೂ ತಡವರಿಸದೆ ಉತ್ತರ ಬಂದರೆ ಸೀಟು ಹಿಡಿಯಿರಿ. ‘ಅದೆಲ್ಲಾ ಅಲ್ಲಿ ಹೋದ ಮ್ಯಾಲ ನೋಡೂಣ್ರಿ’ ಎಂದರೆ ಇನ್ನೊಬ್ಬರನ್ನು ವಿಚಾರಿಸಿ.